ನಾನಿಲ್ಲದ ಆ ಹತ್ತು ದಿನ

ಮೇ 14, ಮಂಗಳವಾರ. ಬೆಳಿಗ್ಗೆ 7.30

ಬೊಬ್ಬೆ ಎದ್ದ ಹಿಮ್ಮಡಿಗೆ ಮತ್ತೆ ಪ್ಲಾಸ್ಟರ್ ಪಟ್ಟಿ. ಬಲಗಾಲಿಗೆ ಎರಡು, ಎಡಗಾಲಿಗೆ ಒಂದು. ಅನ್ಸೆಲ್ಮೊ ಸ್ಟವ್ ಮೇಲೆ ಕಾಫಿ ಇಟ್ಟು ಶಿಳ್ಳೆ ಹೊಡೆಯುತ್ತಿದ್ದಾನೆ. ಟೆಂಟಿನಲ್ಲಿ ಮೂರನೇ ಬೆಳಗು. ಬೆನ್ನು ಇನ್ನೂ ಯಾರದೋ ಬೆನ್ನಿನ ಹಾಗಿದೆ.

ಪಕ್ಕದ ಟೆಂಟಿನ ಹುಡುಗಿಯರು ಈಗ ಬಂದರು. ಮುಖದ ತುಂಬ ಮಿನುಗುವ ಪುಡಿ, ಕೈಯಲ್ಲಿ ಚಪ್ಪಲಿ. ಅವರು ಮಲಗುವ ಹೊತ್ತಿಗೆ ನಾವು ಏಳುತ್ತೇವೆ. ಹಸಿರು ಕೂದಲಿನವಳ ಹೆಸರು ಇರಾಚೆ, ಬಿಲ್ಬಾವೋ ಕಡೆಯವಳು. ನಮ್ಮ ಬ್ಯಾಗುಗಳನ್ನು ನೋಡಿ ನಕ್ಕಳು. "ಏನಮ್ಮಾ, ಇಬೀಸಾಕ್ಕೆ ಬಂದು ನಡೀತೀರಾ? ಇಲ್ಲಿ ಯಾರೂ ನಡೆಯೋದಿಲ್ಲ. ಕುಣೀತಾರೆ!"

ನಿಜವೇ. ಬಂದರಿನ ತುಂಬ ಅರಮನೆಯಂಥ ದೋಣಿಗಳು. ಅಚ್ಚ ಬಿಳಿ ಬಟ್ಟೆಯ ಜನ, ಬೆವರುವುದೇ ಇಲ್ಲವೇನೋ. ಅವರ ನಡುವೆ ಐವತ್ತೊಂಬತ್ತರ ನಾನು, ಅರವತ್ತೆರಡರ ಇವನು. ಹೇರು ಹೊತ್ತ ಜೋಡಿ ಕತ್ತೆ.

ನಿನ್ನೆ ಮಗಳ ಫೋನ್. "ಅಮ್ಮಾ, ನಿಮ್ಮಿಬ್ಬರಿಗೂ ತಲೆ ಕೆಟ್ಟಿದೆಯಾ? ಸುಮ್ನೆ ಒಂದು ಹೋಟೆಲಿಗೆ ಹೋಗಿ." ಹೋಟೆಲ್ ಮುದುಕರಿಗೆ ಅಂತ ಇವನ ವಾದ. ನಿವೃತ್ತಿಯ ಪ್ರವಾಸ, ಆಯ್ಕೆ ಅವನದು. ನಾನು ಪಿರಿನೀಸ್ ಬೆಟ್ಟ ಅಂದಿದ್ದೆ. ಅವನು ಇಬೀಸಾ ದ್ವೀಪ ಅಂದ. ಮೂವತ್ಮೂರು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವನ ಬಾಯಿಂದ ಬರದ ಹೆಸರು.

ಮತ್ತೆ ನಿನ್ನೆ ಸಂಜೆ ಇನ್ನೊಂದು. ಕಡಲ ಬದಿಯ ಕಲ್ಲುಗಳ ಮೇಲೆ ಹೋಗುವಾಗ ಕೈ ಚಾಚಿದ. "ನಿಧಾನ ಕಣೇ ವಿಸಿ. ಆ ಸಲದ ಹಾಗೆ ಕಾಲು ಉಳುಕಿಸಿಕೊಳ್ಳಬೇಡ." ಯಾವ ಸಲ? ನನ್ನ ಕಾಲು ಯಾವತ್ತೂ ಉಳುಕಿಲ್ಲ. ತಮಾಷೆ ಇರಬೇಕು ಅಂದುಕೊಂಡೆ. ಅವನು ಕುದ್ದ ಕಾಫಿ ಇಳಿಸುವುದನ್ನು ಮರೆತಿದ್ದಾನೆ, ಉಕ್ಕುತ್ತಿದೆ —

ಮೇ 15, ಬುಧವಾರ. ಮಧ್ಯಾಹ್ನ, ಪೈನ್ ಮರದ ಕೆಳಗೆ

ದ್ವೀಪದ ಉತ್ತರ ತುದಿಯ ಪೋರ್ತಿನಾಚ್ ಕಡೆಗೆ ನಡಿಗೆ. ಬೆಳಿಗ್ಗೆಯಿಂದ ಒಂಬತ್ತು ಕಿಲೋಮೀಟರ್. ಬ್ರೆಡ್ಡು, ಟೊಮೆಟೊ, ಹಂದಿಮಾಂಸದ ಖಾರದ ಸೊಬ್ರಸಾದ. ಅವನು ಟೋಪಿ ಮುಖದ ಮೇಲೆ ಹಾಕಿ ನಿದ್ದೆ. ನನಗೆ ನಿದ್ದೆ ಇಲ್ಲ.

ದಾರಿ ಕವಲಾಗುವಲ್ಲಿ ನಕ್ಷೆ ತೆಗೆಯುತ್ತಿದ್ದೆ. ಬೇಡ ಅಂದ. "ಎಡಕ್ಕೆ ಹೋದರೆ ಬಾವಿ. ನೀನು ಕುಡಿದು, ಉಪ್ಪುಪ್ಪು ಅಂತ ಉಗುಳಿದ್ದೆಯಲ್ಲ."

"ಯಾವಾಗ?"

"ಮೊದಲು ಬಂದಾಗ. ಎಂಬತ್ತೊಂದರಲ್ಲಿ."

"ನಾನು ಈ ದ್ವೀಪಕ್ಕೆ ಬಂದಿರೋದು ಇದೇ ಮೊದಲು, ಮಾರಾಯ."

ನಕ್ಕ. "ಮರೆತೇಬಿಟ್ಟೆಯಾ! ವಯಸ್ಸಾಯ್ತು ನಿನಗೆ."

ಎಡಕ್ಕೆ ಹೋದೆವು. ಬಾವಿ ಇತ್ತು. ಸುಣ್ಣ ಬಳಿದ ಕಟ್ಟೆ, ಬಾವಿಯ ಬಾಯಿಗೆ ಮುಚ್ಚಿದ ಮರದ ಬಾಗಿಲು.

ಎಂಬತ್ತೊಂದರಲ್ಲಿ ನಾನು ನಮ್ಮೂರು ಸರಗೋಸಾದಲ್ಲಿ, ಚಿಕ್ಕಮ್ಮನ ಗುಂಡಿ-ದಾರದ ಅಂಗಡಿಯಲ್ಲಿ ರಿಬ್ಬನ್ ಅಳೆಯುತ್ತಿದ್ದೆ. ಇವನ ಪರಿಚಯವೇ ಇರಲಿಲ್ಲ. ನಮ್ಮ ಮದುವೆ ಎಂಬತ್ತಾರರಲ್ಲಿ.

ಅಂದರೆ ಬೇರೆ ಯಾರ ಜೊತೆಗೋ ಬಂದಿದ್ದ. ಬರಲಿ, ಅದೇನು ಮಹಾಪರಾಧ? ಹೇಳಬಹುದಿತ್ತು. ಆದರೆ ಸುಳ್ಳು ಹೇಳುವಾಗ ಅವನು ಕಿವಿ ತಿಕ್ಕುತ್ತಾನೆ. ಮಕ್ಕಳಿಗೆ ಮೂವತ್ತು ವರ್ಷ ಭೂಗೋಳ ಹೇಳಿದ ಮೇಷ್ಟ್ರು, ಸುಳ್ಳಿನಲ್ಲಿ ದಡ್ಡ. ಇವತ್ತು ಕಿವಿ ಮುಟ್ಟಲಿಲ್ಲ. "ಯಾರ ಜೊತೆ ಬಂದಿದ್ದೆ?" ಅಂತ ನೇರವಾಗಿ ಕೇಳಿದೆ. "ನಿನ್ನ ಜೊತೆ" ಅಂದ. ಕಣ್ಣಿಗೆ ಕಣ್ಣು ಕೊಟ್ಟು.

ಒಂದು, ನನ್ನನ್ನು ಗೇಲಿ ಮಾಡುತ್ತಿದ್ದಾನೆ. ಎರಡು, ಹೊಸದಾಗಿ ಸುಳ್ಳು ಕಲಿತಿದ್ದಾನೆ. ಮೂರನೆಯದು… ಬರೆಯುವುದಿಲ್ಲ.

ಮೇ 17, ಶುಕ್ರವಾರ. ಬೆಳಿಗ್ಗೆ 10

ನಿನ್ನೆ ಬರೆಯಲಿಲ್ಲ. ಜಗಳ. ಜಗಳ ಅಂದರೆ ನಾನೊಬ್ಬಳೇ ಆಡಿದ್ದು.

ಕಡಲ ಬದಿಯ ಹೋಟೆಲಿನಲ್ಲಿ ಮೀನು ತಿನ್ನುತ್ತಾ ಮತ್ತೆ ಶುರು ಮಾಡಿದ. ನಾನು ಹಳದಿ ರೇನ್‌ಕೋಟ್ ಹಾಕಿದ್ದೆನಂತೆ. ಒಂದು ಮನೆಯವರು ಉಗ್ರಾಣದಲ್ಲಿ ಮಲಗಲು ಬಿಟ್ಟರಂತೆ. ಮೇಕೆಯೊಂದು ಅವನ ನಕ್ಷೆಯನ್ನು ತಿಂದುಹಾಕಿತಂತೆ. ಕೇಳಿ ಕೇಳಿ ತಡೆಯಲಾಗಲಿಲ್ಲ.

"ಸಾಕು ಮಾಡು ಅನ್ಸೆಲ್ಮೊ! ಅವಳು ಯಾರು ಅಂತ ಹೇಳಿಬಿಡು. ಈ ವಯಸ್ಸಿನಲ್ಲಿ ನಾನೇನು ನಿನ್ನ ಕೂದಲು ಹಿಡಿದು ಎಳೀತೀನಾ?"

ಪಕ್ಕದ ಮೇಜಿನ ಬಿಳಿಬಟ್ಟೆಯವರು ತಿರುಗಿ ನೋಡಿದರು. ಅವನು ಮುಳ್ಳುಚಮಚ ಕೆಳಗಿಟ್ಟ. ಮಗುವಿನ ಕೈಯಿಂದ ಏನನ್ನೋ ಕಿತ್ತುಕೊಂಡರೆ ಹೇಗೆ ನೋಡುತ್ತದೆ, ಹಾಗೆ ನೋಡಿದ. ಆಮೇಲೆ ಮೆಲ್ಲಗೆ, "ನೀನೇ ಅಲ್ವೇನೇ?" ಅಂದ. ಅದು ಉತ್ತರವೋ ಪ್ರಶ್ನೆಯೋ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆ ಹಲ್ಲುಜ್ಜಲು ಹೋದ. ನಲ್ಲಿಗಳಿರುವ ಕಟ್ಟಡ ನಮ್ಮ ಟೆಂಟಿನಿಂದ ನೂರು ಹೆಜ್ಜೆ. ಅರ್ಧ ಗಂಟೆಯಾದರೂ ಇಲ್ಲ. ಕೊನೆಗೆ ಇರಾಚೆ ಅವನ ತೋಳು ಹಿಡಿದು ಕರೆದುಕೊಂಡು ಬಂದಳು. ಹಸಿರು ಕೂದಲು, ಕಣ್ಣಿನ ಸುತ್ತ ಕರಗಿದ ಕಾಡಿಗೆ, ನಿದ್ದೆಯಿಲ್ಲದ ಮುಖ. "ಅಮ್ಮಾ, ಇವರು ನಿಮ್ಮವರೇ ಅಲ್ವಾ? ಗೇಟಿನ ಹತ್ತಿರ ನಿಂತಿದ್ದರು. ಟೆಂಟ್ ಯಾವುದು ಅಂದ್ರೆ ಸರಗೋಸಾದ ಮನೆ ನಂಬರ್ ಹೇಳಿದ್ರು."

ಅನ್ಸೆಲ್ಮೊ ನಕ್ಕ. "ಎಲ್ಲಾ ಟೆಂಟುಗಳೂ ಒಂದೇ ಬಣ್ಣ ಮಾರಾಯ್ತಿ!"

ನಮ್ಮದು ಕಿತ್ತಳೆ. ಸುತ್ತ ಒಂದೂ ಕಿತ್ತಳೆ ಇಲ್ಲ.

ಮೂರನೆಯದನ್ನು ಬರೆಯುತ್ತೇನೆ. ಫೆಬ್ರವರಿಯಲ್ಲಿ ಬ್ರೆಡ್ ತರಲು ಹೋದವನು ಬರಿಗೈಯಲ್ಲಿ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಯಾಕೆ ಅಂದರೆ, "ಸ್ವಲ್ಪ ಯೋಚಿಸ್ತಿದ್ದೆ." ಶಾಲೆಯ ಬೀಳ್ಕೊಡುಗೆಯಲ್ಲಿ ಹೆಡ್‌ಮೇಡಂ ಅವರನ್ನು ಎಂದೋ ತೀರಿಕೊಂಡ ಹಳೆಯ ಹೆಡ್‌ಮೇಡಂ ಹೆಸರಿನಿಂದ ಕರೆದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿವೃತ್ತಿಯ ಗಡಿಬಿಡಿ ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಳ್ಳಲು ಬಯಸಿದೆನೋ.

ಆದರೆ ಬಾವಿ ನಿಜವಾಗಿಯೂ ಅಲ್ಲಿತ್ತು. ತಲೆ ಕೆಟ್ಟವನಿಗೆ ಬಾವಿ ಹೇಗೆ ಗೊತ್ತು? ನೂರು ಹೆಜ್ಜೆ ಗೊತ್ತಿಲ್ಲದವನಿಗೆ ಮೂವತ್ತೆಂಟು ವರ್ಷದ ಹಿಂದಿನ ಕವಲು ಹೇಗೆ ಗೊತ್ತು? ಹೊಟ್ಟೆಕಿಚ್ಚು ಪಡಲೋ, ಹೆದರಲೋ? ಎರಡನ್ನೂ ಒಟ್ಟಿಗೆ ಮಾಡಲು ಆಗುತ್ತದೆಯೇ? ಆಗುತ್ತದೆ. ಬೆಳಿಗ್ಗೆಯಿಂದ ಅದೇ ಮಾಡುತ್ತಿದ್ದೇನೆ.

ಮೇ 18, ಶನಿವಾರ. ಸಂಜೆ 5

ಆ ಮನೆಗೆ ಬಂದಿದ್ದೇವೆ.

"ಮನೆ ತೋರಿಸು, ಹೋಗೋಣ" ಅಂತ ನಾನೇ ಹೇಳಿದೆ. ಇಲ್ಲದಿದ್ದರೆ ಕಟ್ಟುಕಥೆ ಅಂತ ತಿಳಿಯುತ್ತದೆ, ಇದ್ದರೆ… ಇದ್ದರೆ ಏನು ಅಂತ ಯೋಚಿಸಿರಲಿಲ್ಲ.

ಒಮ್ಮೆಯೂ ತಡವರಿಸಲಿಲ್ಲ. ಬಸ್ ಇಳಿದು ಕೆಂಪು ಮಣ್ಣಿನ ದಾರಿ, ಬಾದಾಮಿ ತೋಟ, ಒಣಗಿದ ಹಳ್ಳ. ಕೊಲ್ಲಿಯ ಮೇಲೆ ಬಿಳಿ ಮನೆ. ಅಂಗಳದಲ್ಲಿ ಅಂಜೂರದ ಮರ, ಕೊಂಬೆಗಳಿಗೆ ಕಂಬಗಳ ಆಸರೆ. ಕೆಳಗೆ ಒಬ್ಬ ಅಜ್ಜಿ ಬಟಾಣಿ ಸುಲಿಯುತ್ತಿದ್ದಳು. ಮಾರ್ಗಲಿಡಾ ಅಂತ ಹೆಸರು, ಎಂಬತ್ತನಾಲ್ಕು ಅಂತ ಆಮೇಲೆ ಹೇಳಿದಳು.

"ಮನೆ ಮಾರೋದಿಲ್ಲ" ಅಂದಳು, ನಾವು ಬಾಯಿ ಬಿಡುವ ಮೊದಲೇ. "ನಿನ್ನೆಯೂ ಇಬ್ಬರು ಬಂದಿದ್ರು, ಕಪ್ಪು ಕನ್ನಡಕ ಹಾಕ್ಕೊಂಡು."

ಅನ್ಸೆಲ್ಮೊ ಬ್ಯಾಗ್ ಇಳಿಸಿದ. "ಅಮ್ಮ, ನಿಮ್ಮ ಮೇಕೆ ನನ್ನ ನಕ್ಷೆ ತಿಂದಿತ್ತು."

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ಬಹಳ ಹೊತ್ತು. ಆಮೇಲೆ ಮಡಿಲಿನ ಬಟಾಣಿಯೆಲ್ಲ ನೆಲಕ್ಕೆ. "ಅಯ್ಯೋ! ಸರಗೋಸಾದ ಹುಡುಗ! ನಕ್ಷೆಯ ಪೋರ್ಚುಗಲ್ ತುಂಡು ಕಚ್ಚಿಕೊಂಡ ಮೇಕೆ ಹಿಂದೆ ಓಡಿ, ಪೋರ್ಚುಗಲ್ ಕೊಡು, ಪೋರ್ಚುಗಲ್ ಕೊಡು ಅಂತ ಕಿರುಚಿದವನು!"

ಇಬ್ಬರೂ ತಬ್ಬಿಕೊಂಡು ನಕ್ಕರು. ನಾನು ನೆಲದ ಬಟಾಣಿ ಆರಿಸಿದೆ. ಕೈಗೆ ಏನಾದರೂ ಬೇಕಿತ್ತು.

ನೀರು ತರುತ್ತೇನೆ ಅಂತ ಅವನು ಮನೆಯ ಹಿಂದಕ್ಕೆ ಹೋದ. ಕೊಡ ಎಲ್ಲಿದೆ ಅಂತ ಕೇಳಲೂ ಇಲ್ಲ. ಅಜ್ಜಿ ನನ್ನ ಕಡೆ ತಿರುಗಿದಳು.

"ನೀನು ಆ ಹುಡುಗಿ ಅಲ್ಲ."

"ಅಲ್ಲ."

"ಅವಳು ಎತ್ತರ. ಕೆಂಪು ಕೂದಲು. ಮೈತೆ ಅಂತ. ಕಾಲು ಉಳುಕಿತ್ತು, ಹತ್ತು ದಿನ ಇಲ್ಲೇ ಇದ್ದರು. ಹಡಗಿಗೆ ಅವಳು ಒಬ್ಬಳೇ ಹೋದಳು. ಇವನು ಎರಡು ದಿನ ಆ ಕಲ್ಲಿನ ಮೇಲೆ ಕೂತಿದ್ದ, ಊಟ ಬಿಟ್ಟು. ನಾನೇ ಬೈದು ಉಣ್ಣಿಸಿದೆ."

"ಯಾಕೆ ಹೋದಳು?"

"ನನಗೇನು ಗೊತ್ತಮ್ಮ? ಗಂಡಸರು ಅಳುವಾಗ ಕಾರಣ ಕೇಳಬಾರದು. ಅವನನ್ನೇ ಕೇಳು."

"ಕೇಳಿದೆ. ಆ ಹುಡುಗಿ ನೀನೇ ಅಂತ ನನಗೆ ಹೇಳ್ತಾನೆ."

ಅಜ್ಜಿಯ ಕೈ ನಿಂತಿತು. ಮನೆಯ ಹಿಂದಿನಿಂದ ಅವನ ಶಿಳ್ಳೆ ಕೇಳುತ್ತಿತ್ತು. "ಓ…" ಅಂದಳು. "ನನ್ನ ತಂಗಿಯ ಗಂಡನಿಗೂ ಹೀಗೇ ಆಯ್ತು." ಬಟಾಣಿ ಸಿಪ್ಪೆ ಪಕ್ಕಕ್ಕೆ ಸರಿಸಿ, "ನನ್ನಿಂದ ಸುಳ್ಳು ಹೇಳಿಸಬೇಡ ಮಗಳೇ. ಈ ವಯಸ್ಸಿನಲ್ಲಿ ನನಗೆ ಬರೋದಿಲ್ಲ."

ಅಷ್ಟರಲ್ಲಿ ಬಂದ. ಕೊಡ ಇಳಿಸಿ, ಒದ್ದೆ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟ. "ಗುರುತು ಸಿಕ್ತಾ ಅಮ್ಮ? ಅದೇ ಹುಡುಗಿ. ಬಿಡಲಿಲ್ಲ ನೋಡಿ, ಮದುವೆನೇ ಆದೆ."

ಅಜ್ಜಿ ನನ್ನನ್ನು ನೋಡಿದಳು. ನಾನು ಬಟಾಣಿ ನೋಡಿದೆ.

"ಸಿಕ್ಕದೆ ಏನಪ್ಪ" ಅಂದಳು. "ಸ್ವಲ್ಪ ಗಿಡ್ಡ ಆಗಿದ್ದಾಳೆ, ಅಷ್ಟೆ."

ನಗು ಬಂತು. ತಡೆಯಲಾಗದ ನಗು. ಕೊನೆಗೆ ಅದು ನಗುವಾಗಿ ಉಳಿಯಲಿಲ್ಲ. ಅಜ್ಜಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಪುದೀನ ಹಾಕಿದ ಚೀಸ್ ಕಡುಬು ಕೊಟ್ಟಳು. ತಿಂದೆ. ಎರಡು ತುಂಡು. ಇಂಥ ಹೊತ್ತಿನಲ್ಲೂ ಹಸಿವಾಗುತ್ತದೆ.

ಇನ್ನೆರಡು ದಿನ ಇಲ್ಲೇ ಇರಿ ಅಂದಿದ್ದಾಳೆ. ಹೊತ್ತು ತಂದ ಟೆಂಟನ್ನು ಅಂಗಳದಲ್ಲಿ ಹಾಕಿದೆವು. ಇದ್ದೇವೆ.

ಮೇ 19, ಭಾನುವಾರ. ಬೆಳಿಗ್ಗೆ 11

ಮಗಳಿಗೆ ಹೇಳಿದೆ. ಆರಾಂಚಾ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಮಂಗಳವಾರದ ವಿಮಾನಕ್ಕೆ ನಮ್ಮಿಬ್ಬರ ಟಿಕೆಟ್ ಮಾಡಿದಳು. ಗುರುವಾರ ನರರೋಗದ ಡಾಕ್ಟರು. ಎಲ್ಲ ಹತ್ತು ನಿಮಿಷದಲ್ಲಿ. ನನ್ನ ಮಗಳೇ.

"ಅಪ್ಪನಿಗೆ ಹೇಳಿದೆಯಾ?"

"ಏನಂತ?"

ಅವಳು ಡಾಕ್ಟರ ವಿಳಾಸ ಬರೆದುಕೋ ಅಂದಳು.

ಬೆಳಗಿನಿಂದ ಒಂದೇ ಪ್ರಶ್ನೆ. ಅವನ ಬದುಕಿನ ಆ ಹತ್ತು ದಿನದಲ್ಲಿ ಈಗ ಮೈತೆ ಇಲ್ಲ. ಅವಳ ರೇನ್‌ಕೋಟ್ ನನ್ನ ಮೈಮೇಲೆ, ಅವಳ ಉಳುಕು ನನ್ನ ಕಾಲಿಗೆ. ಇದಕ್ಕೆ ಖುಷಿಪಡಬೇಕೇ? ಯಾರನ್ನೋ ಅಷ್ಟು ಪ್ರೀತಿಸಿದ್ದ, ಅವಳ ಜಾಗದಲ್ಲಿ ನನ್ನನ್ನು ಕೂರಿಸಿದ್ದಾನೆ. ಪ್ರೀತಿಯೋ ಕಾಯಿಲೆಯೋ? ಯಾವ ಡಾಕ್ಟರು ಬೇರೆ ಮಾಡಿ ಹೇಳುತ್ತಾರೆ?

ಅಂಜೂರದ ಕೆಳಗೆ ಕುಳಿತಿದ್ದಾಗ ಮೆಲ್ಲಗೆ ಕೇಳಿದೆ. "ಮದುವೆಯಾದ ಮೇಲೆ ನಾವು ಎಲ್ಲಿಗೆ ಹೋಗಿದ್ವಿ?"

ಯೋಚಿಸಿದ. ಹುಬ್ಬು ಗಂಟಿಕ್ಕಿ, ಪ್ರಾಮಾಣಿಕವಾಗಿ ಹುಡುಕಿದ. "ಇಲ್ಲಿಗೇ ಅಲ್ವಾ?"

ಹೋದದ್ದು ತೆರುವೆಲ್ ಊರಿಗೆ. ಡಿಸೆಂಬರ್. ಹೀಟರ್ ಕೆಟ್ಟ ಹೋಟೆಲ್ ಕೋಣೆ, ಕೋಟು ಹಾಕಿಕೊಂಡೇ ಮಲಗಿದ್ದೆವು. ಮೂರು ದಿನ ಮಂಜು, ಹೊರಗೆ ಕಾಲಿಡಲಾಗಲಿಲ್ಲ. ಅವನು ಹೋಟೆಲಿನ ಕಾಗದದ ಮೇಲೆ ನಮ್ಮ ಹಾಸಿಗೆಯ ನಕ್ಷೆ ಬರೆದ. ಎರಡು ದೇಶ, ನಡುವೆ ಗಡಿ, ನನ್ನ ಪಾದಗಳಿಗೆ "ಹಿಮಪ್ರದೇಶ" ಅಂತ ಹೆಸರು. ಅಷ್ಟು ನಾನು ಮತ್ತೆಂದೂ ನಕ್ಕಿಲ್ಲ.

ಅದು ಹೋಯಿತು. ಬೇರೊಬ್ಬಳ ಹತ್ತು ದಿನ ನನಗೆ ಬಂತು, ನನ್ನ ಮೂರು ದಿನ ಹೋಯಿತು. ಈಗ ತೆರುವೆಲ್ ಗೊತ್ತಿರುವವಳು ಜಗತ್ತಿನಲ್ಲಿ ನಾನೊಬ್ಬಳೇ.

ಮೈತೆಯ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ. ಅವಳೂ ಎಲ್ಲೋ ಅರವತ್ತು ದಾಟಿರಬೇಕು. ಇಬ್ಬರನ್ನೂ ನೆನಪಿನಿಂದ ಅಳಿಸುತ್ತಿದ್ದಾನೆ ಪುಣ್ಯಾತ್ಮ, ತನಗೇ ಗೊತ್ತಿಲ್ಲದ ಹಾಗೆ.

ಮೇ 20, ಸೋಮವಾರ. ಬೆಳಿಗ್ಗೆ 9

ಕೊಲ್ಲಿಯ ಕಲ್ಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬಿಸಿಲು ಈಗಷ್ಟೆ ನೀರಿಗೆ ಇಳಿದಿದೆ. ದೂರದಲ್ಲಿ ಯಾರದೋ ದೊಡ್ಡ ದೋಣಿ, ಅದರ ಮೇಲೆ ಹಾಡು.

ಅನ್ಸೆಲ್ಮೊ ನೀರಿನಲ್ಲಿ. ಇಳಿಯುವ ಮೊದಲು ಕೇಳಿದ. "ನೆನಪಿದೆಯಾ, ಈ ಕಲ್ಲಿಂದ ನೀನು ಧುಮುಕಿದ್ದು? ನಾನು ಕೂಗಿಕೊಂಡೆ, ನೀನು ಅಷ್ಟು ದೂರ ಹೋಗಿ ತಲೆ ಎತ್ತಿದೆ."

ನನಗೆ ಈಜು ಬರುವುದಿಲ್ಲ. ಅವನಿಗೆ ಅದು ಗೊತ್ತಿತ್ತು. ಮಗಳಿಗೆ ಈಜು ಕಲಿಸಿದವನು ಅವನೇ, ದಡದಲ್ಲಿ ಟವೆಲ್ ಹಿಡಿದು ನಿಂತವಳು ನಾನು.

ಇಲ್ಲ ಅನ್ನಬಹುದಿತ್ತು. ಐದು ದಿನದಿಂದ ಇಲ್ಲ, ಇಲ್ಲ, ಇಲ್ಲ ಅಂದಿದ್ದೆ.

"ಹೂಂ, ನೆನಪಿದೆ" ಅಂದೆ. "ನೀರು ತಣ್ಣಗಿತ್ತು."

ಅವನ ಮುಖ! ಐದು ದಿನದಿಂದ ಅವನೂ ಹೆದರಿದ್ದ ಅಂತ ಆಗ ಗೊತ್ತಾಯಿತು. ಕಣ್ಣಲ್ಲಿ ನೀರು. "ನೋಡಿದೆಯಾ," ಅಂದ, "ನಾನು ಎಲ್ಲೋ ತಪ್ಪುತ್ತಿದ್ದೀನಿ ಅಂದುಕೊಂಡಿದ್ದೆ, ವಿಸಿ. ಏನೋ ಆಗ್ತಿದೆ ನನಗೆ ಅಂತ."

ಏನು ಹೇಳಲಿ? ಗುರುವಾರ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ, ಒಳಗೆ ಜೊತೆಗೇ ಕೂರುತ್ತೇನೆ ಅಂದೆ. ತಲೆಯಾಡಿಸಿದ. ಯಾಕೆ ಅಂತ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡ. ಆಮೇಲೆ ನಾನು, "ಇಲ್ಲಿಂದ ಆಮೇಲೆ ತೆರುವೆಲ್‌ಗೆ ಹೋದ್ವಿ" ಅಂದೆ.

"ಹೋದ್ವಾ?"

"ಹೋದ್ವಿ. ಮಂಜು ಬಿದ್ದಿತ್ತು."

"ಹೇಳು."

ಹೇಳಿದೆ. ಹೀಟರು, ಕೋಟು, ಹಾಸಿಗೆಯ ಗಡಿ. ಹೊಸ ಕಥೆ ಕೇಳುವವನ ಹಾಗೆ ಕೇಳಿದ. ಹಿಮಪ್ರದೇಶ ಅಂದಾಗ ಜೋರಾಗಿ ನಕ್ಕ. "ಅದು ನಾನು ಬರೆದದ್ದಾ? ಪರವಾಗಿಲ್ವೇ ನಾನು!" ಅವನ ಸುಳ್ಳಿಗೆ ನಾನು ಹೂಂ ಅಂದೆ, ನನ್ನ ನಿಜಕ್ಕೆ ಅವನು ಹೂಂ ಅಂದ. ಸರಿಯೋ ತಪ್ಪೋ ಗೊತ್ತಿಲ್ಲ. ಆರಾಂಚಾ ಕೇಳಿದರೆ ಬೈಯುತ್ತಾಳೆ.

ಈಗ ಕರೆಯುತ್ತಿದ್ದಾನೆ. ಎದೆಮಟ್ಟ ಅಷ್ಟೆ, ಮರಳು ತಳ, ಅಂತ ಅಜ್ಜಿ ಹೇಳಿದ್ದಾಳೆ. ಮತ್ತೆ ಕರೆದ. ಎರಡೂ ಕೈ ಚಾಚಿ ನಿಂತಿದ್ದಾನೆ. ವಿಸಿ, ವಿಸಿ ಅಂತ. ನನ್ನ ಹೆಸರೇ. ಇನ್ನೆಷ್ಟು ದಿನವೋ, ಇವತ್ತು ನನ್ನ ಹೆಸರೇ. ಬಂದೆ ತಡಿಯೋ, ಇದನ್ನು ಮುಚ್ಚಿಟ್ಟು —