ಎಪ್ಪತ್ತು ಕೊಡುವ ಗಾಡಿ

ಮನೆ, ಹಿಂದಿನ ಕೋಣೆ
ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಹೇಗಿದ್ದೀಯ? ನೆಗಡಿ ಪೂರ್ತಿ ಹೋಯಿತೆ? ಚಿಕ್ಕಮ್ಮನ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತಿರುವವಳಿಗೆ ಔಷಧಿ ತಗೋ ಎಂದು ಹೇಳುವುದು ನಗೆಪಾಟಲಿನ ಮಾತು, ಆದರೂ ಹೇಳುತ್ತಿದ್ದೇನೆ. ನಿಂತು ನಿಂತು ಕಾಲು ಹಿಡಿದುಕೊಳ್ಳುತ್ತದೆ ಎಂದು ಮೊನ್ನೆ ನೀನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ನಾನು ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದೆ; ಒಂದೇ ಪುಟವನ್ನು ಅದೆಷ್ಟು ಹೊತ್ತು ಓದಿದೆನೋ. ಮಾತು ಮುಗಿಸುವಾಗ ‘ಅಪ್ಪ ಇದಾರಾ’ ಎಂದು ಕೇಳುತ್ತೀಯೇನೋ ಎಂದು ಕಾದೆ. ನೀನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಬಿಡು. ಫೋನಿನಲ್ಲಿ ನಾನು ಮಾತಾಡಿದರೆ ಏನಾಗುತ್ತದೆ ಎಂದು ನಿನಗೆ ಗೊತ್ತೇ ಇದೆ. ಬಿಸಿಲಿನಿಂದ ಶುರುಮಾಡಿ, ಗಾಡಿಯ ಹತ್ತಿರ ಬಂದು, ಅಲ್ಲಿಂದ ನೇರ ನನ್ನ ಬಡಾಯಿಗೆ ಹೋಗಿ ನಿಲ್ಲುತ್ತೇನೆ. ಅದಕ್ಕೇ ಕಾಗದ ಬರೆಯಲು ಕೂತೆ. ಬಾಯಿಗೆ ಬಂದದ್ದನ್ನು ಇಲ್ಲಿ ಹೊಡೆದುಹಾಕಬಹುದು. ಎಷ್ಟು ಹೊಡೆದುಹಾಕಿದ್ದೇನೆ ಎಂದು ನೀನೇ ನೋಡುತ್ತಿದ್ದೀಯಲ್ಲ.

ಇಲ್ಲಿ ಎಲ್ಲರೂ ಆರೋಗ್ಯ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ನಿಂತಿದೆ. ಅದನ್ನು ನಿಲ್ಲಿಸಿದವನು ನಾನಲ್ಲ, ತಾನಾಗಿಯೇ ನಿಂತಿತು. ಪ್ರೆಸ್ಸಿನಲ್ಲಿ ಶಾಲೆಯ ಪುಸ್ತಕಗಳ ಕೆಲಸ ಶುರುವಾಗಿರುವುದರಿಂದ ನಮ್ಮ ಬೈಂಡಿಂಗ್ ವಿಭಾಗದಲ್ಲಿ ಕೂರಲೂ ಜಾಗವಿಲ್ಲ. ಮಡಚಿದ ಹಾಳೆಗಳ ರಾಶಿ ಕಿಟಕಿಯ ಎತ್ತರಕ್ಕೆ ಬಂದಿದೆ. ಸಂಜೆ ಮನೆಗೆ ಬಂದರೂ ಬೆರಳಿಗೆ ಹತ್ತಿದ ಗೋಂದು ಬಿಡುವುದಿಲ್ಲ. ಅಲ್ಲಿ ಈಗಲೂ ನನ್ನನ್ನು ‘ಮೈಲೇಜ್ ಮಾಮ’ ಎಂದೇ ಕರೆಯುತ್ತಾರೆ. ಹೋದ ತಿಂಗಳವರೆಗೂ ಆ ಹೆಸರು ಕೇಳಿದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನನ್ನ ಕೈಯಿಂದಲೇ ಒಮ್ಮೆ ಬರೆಯಬೇಕು. ಲಿಫ್ಟ್ ಮೆಕ್ಯಾನಿಕ್ ತರಬೇತಿಗೆ ಆಯ್ಕೆ ನಡೆಯುವ ದಿನ ಬೆಳಿಗ್ಗೆ ನೀನು ನನ್ನ ಹಳೇ ಗಾಡಿಯ ಕೀಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ‘ಅಪ್ಪಾ, ಪೆಟ್ರೋಲ್ ಸಾಕಾಗತ್ತಾ? ಇಲ್ಲಾಂದ್ರೆ ಬೇಗ ಹೊರಟು ಹಾಕಿಸ್ಕೊಂಡು ಹೋಗ್ತೀನಿ’ ಎಂದು ಕೇಳಿದೆ. ನಾನು ಗಡ್ಡ ಹೆರೆದುಕೊಳ್ಳುತ್ತಿದ್ದವನು ಕನ್ನಡಿಯಿಂದ ಮುಖವನ್ನೂ ತಿರುಗಿಸದೆ, ‘ಲೀಟರಿಗೆ ಎಪ್ಪತ್ತು ಕೊಡೋ ಗಾಡಿ ಕಣೆ ಅದು. ಹೋಗಿ ಬಂದು ಇನ್ನೊಂದ್ಸಲ ಹೋಗ್ಬಹುದು’ ಎಂದೆ. ನೀನು ನಂಬಿ ಹೊರಟೆ. ಗೋದಾಮುಗಳ ಸಾಲು ಇರುವ ಆ ರಸ್ತೆಯಲ್ಲಿ, ಒಂದು ಬಂಕ್ ಹಿಂದೆ ಹೋಗಿ ಇನ್ನೊಂದು ಇನ್ನೂ ಕಣ್ಣಿಗೆ ಬೀಳದ ಕಡೆ, ಗಾಡಿ ನಿಂತಿತು. ನೀನು ಅದನ್ನು ಸೇತುವೆ ಹತ್ತಿಸಿ ಬಂಕಿನವರೆಗೂ ತಳ್ಳಿಕೊಂಡು ಹೋಗಿ, ಪೆಟ್ರೋಲ್ ಹಾಕಿಸಿಕೊಂಡು ತರಬೇತಿ ಕೇಂದ್ರ ಮುಟ್ಟುವಷ್ಟರಲ್ಲಿ ಗೇಟು ಹಾಕಿಬಿಟ್ಟಿದ್ದರು. ಒಳಗೆ ಉಳಿದವರು ಆಗಲೇ ಬೋರ್ಡಿಗೆ ವೈರ್ ಜೋಡಿಸಲು ಕೂತಿದ್ದರಂತೆ. ತಿಂಗಳುಗಟ್ಟಲೆ ನೀನು ಈ ಮೇಜಿನ ಮೇಲೆ ಸ್ವಿಚ್ಚು, ಬಲ್ಬು ಹರಡಿಕೊಂಡು ಅಭ್ಯಾಸ ಮಾಡಿದ್ದ ಕೆಲಸ ಅದು.

ಸಂಜೆ ನಿನ್ನ ಚಿಕ್ಕಪ್ಪ ಸಂಸಾರ ಸಮೇತ ಬಂದಿದ್ದ, ಆಯ್ಕೆ ಹೇಗಾಯಿತು ಎಂದು ಕೇಳಲು. ಕೋಣೆ ತುಂಬ ಜನ. ನೀನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನನ್ನನ್ನು ದೂರಲಿಲ್ಲ, ‘ಪೆಟ್ರೋಲ್ ಮುಗಿದುಹೋಯ್ತು’ ಎಂದಷ್ಟೇ ಹೇಳಿದೆ. ಎಲ್ಲರೂ ನನ್ನ ಕಡೆ ನೋಡಿದರು. ಆಗ ನಾನು ಏನು ಹೇಳಿದೆ ಎಂಬುದು ನಿನಗೆ ಮರೆತಿರಲಾರದು. ‘ಗಾಡಿ ಓಡಿಸೋಕೆ ಬರಬೇಕಲ್ಲ. ಚೋಕ್ ಎಳೆದಿಟ್ಟುಕೊಂಡು, ಆಕ್ಸಿಲರೇಟರ್ ತಿರುಚಿಕೊಂಡು ಹೋದ್ರೆ ಯಾವ ಗಾಡಿ ತಾನೆ ತಡೆಯತ್ತೆ?’ ಎಂದೆ. ಅಷ್ಟಕ್ಕೇ ಬಿಡದೆ, ಗಾಡಿಯನ್ನೇ ಸರಿಯಾಗಿ ನೋಡಿಕೊಳ್ಳದವಳು ಲಿಫ್ಟ್ ಏನು ನೋಡಿಕೊಳ್ಳುತ್ತಾಳೆ ಎಂದೂ ಸೇರಿಸಿದೆ. ಚಿಕ್ಕಪ್ಪನ ಮಕ್ಕಳು ನಕ್ಕರು. ನೀನು ಒಳಗೆ ಹೋದೆ. ಆ ವಾರವೇ ಅಮ್ಮನ ತಂಗಿಯ ಊರಿಗೆ, ಆ ಚಿಕ್ಕಮ್ಮನ ಮನೆಗೆ ಹೊರಟುಹೋದೆ.

ನೀನು ಹೋದಮೇಲೆ ನಿನ್ನ ಅಮ್ಮ ನನ್ನ ಹತ್ತಿರ ಬೇಕಾದಷ್ಟೇ ಮಾತು ಇಟ್ಟುಕೊಂಡಳು. ‘ಊಟಕ್ಕೆ ಬನ್ನಿ’, ‘ಬಾಗಿಲು ಹಾಕ್ಕೊಳ್ಳಿ’, ಇಂಥವು. ನನಗೆ ಹಟ ಬಂತು. ಗಾಡಿಯ ಮೈಲೇಜನ್ನು ಅಳೆದು, ತಪ್ಪು ನಿನ್ನದೇ ಎಂದು ತೋರಿಸಿಬಿಡುತ್ತೇನೆ ಅಂದುಕೊಂಡೆ. ಹೌದು ಪುಟ್ಟಿ, ಅಳೆಯಲು ಹೊರಟದ್ದು ಅದಕ್ಕೇ. ಇಷ್ಟು ವರ್ಷ ಎಪ್ಪತ್ತು ಎಪ್ಪತ್ತು ಎಂದು ಡಂಗುರ ಹೊಡೆದವನು ಒಂದು ದಿನವೂ ಅಳೆದಿರಲಿಲ್ಲ. ಗಾಡಿ ಕೊಂಡ ದಿನ ಅಂಗಡಿಯವನು ಹೇಳಿದ ಮಾತದು. ಅವನು ಆವತ್ತೇ ಮರೆತಿರುತ್ತಾನೆ, ನಾನು ಹಿಡಿದುಕೊಂಡು ಬಂದೆ. ಮೊದಲು ಟ್ಯಾಂಕ್ ಬಾಯಿತನಕ ತುಂಬಿಸಿ, ಮೀಟರ್ ನೋಡಿಕೊಂಡು, ವಾರವಿಡೀ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಬಾಯಿತನಕ ತುಂಬಿಸಿದೆ. ಎಷ್ಟು ಲೀಟರ್ ಹಿಡಿಯಿತೋ ಅಷ್ಟರಿಂದ ಓಡಿದ ದೂರವನ್ನು ಭಾಗಿಸಿದೆ. ನಲವತ್ತೊಂದು ಬಂತು. ಭಾಗಾಕಾರ ತಪ್ಪಿದೆ ಎಂದು ಮತ್ತೆ ಮಾಡಿದೆ. ಆಮೇಲೆ ಬಂಕಿನವನ ಮೇಲೆ ಅನುಮಾನಪಟ್ಟು ಅವನ ಹತ್ತಿರ ಜಗಳವಾಡಿ ಬಂದೆ. ಅವನು ಪಾಪ, ನನ್ನೆದುರಿಗೇ ಅಳತೆ ಕ್ಯಾನಿಗೆ ಹಿಡಿದು ತೋರಿಸಿದ. ಒಂದು ತೊಟ್ಟೂ ಕಡಿಮೆ ಇರಲಿಲ್ಲ.

ಹಾಗಾದರೆ ಒಂದೇ ಲೀಟರ್ ಹಾಕಿ, ಗಾಡಿ ನಿಲ್ಲುವತನಕ ಓಡಿಸಿ ನೋಡೋಣ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪೈಪ್ ಬಿಚ್ಚಿ ಟ್ಯಾಂಕ್ ಖಾಲಿ ಮಾಡಿ, ಪ್ರೆಸ್ಸಿನಿಂದ ತಂದಿದ್ದ ಅಳತೆ ಜಗ್ಗನ್ನು ಗೋಂದು ಹೋಗುವ ಹಾಗೆ ಉಜ್ಜಿ ತೊಳೆದು, ಒರೆಸಿ ಒಣಗಿಸಿ, ಗೆರೆಗೆ ಸರಿಯಾಗಿ ಪೆಟ್ರೋಲ್ ಹೊಯ್ಯುತ್ತಿದ್ದೆ. ಅಮ್ಮ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ‘ನಿಂತ ಮೇಲೆ ವಾಪಸ್ ಬರೋಕೆ?’ ಎಂದು ಕೇಳಿದಳು. ಬಾಟಲಿಯಲ್ಲಿ ತೆಗೆದಿಟ್ಟುಕೊಂಡಿದ್ದೇನೆ ಎಂದೆ. ‘ನಾನು ಹಿಡ್ಕೋತೀನಿ, ನಡೀರಿ’ ಎಂದು ಚೀಲ ತಂದು ಹಿಂದೆ ಕೂತಳು. ನನಗೆ ಸಂತೋಷವಾಯಿತು. ಇನ್ನು ಎಲ್ಲ ಸರಿಹೋಗುತ್ತದೆ, ಎಪ್ಪತ್ತು ಬಾರದಿದ್ದರೂ ಅರವತ್ತಾದರೂ ಬರುತ್ತದೆ, ಇವಳೇ ಸಾಕ್ಷಿ ಎಂದುಕೊಂಡೆ. ಊರನ್ನು ಒಂದು ಸುತ್ತು ಹಾಕಿ, ಬೇಕೆಂದೇ ನೀನು ಹೋದ ರಸ್ತೆಯನ್ನೇ ಹಿಡಿದೆ. ಗೋದಾಮುಗಳ ಗೋಡೆ ಶುರುವಾಯಿತು. ಮರವಿಲ್ಲ, ಅಂಗಡಿಯಿಲ್ಲ, ಬಿಸಿಲು ಗೋಡೆಗೆ ಬಡಿದು ಮುಖಕ್ಕೆ ವಾಪಸು ಬರುತ್ತಿತ್ತು. ಸೇತುವೆ ಕಾಣುವಷ್ಟರಲ್ಲಿ ಎಂಜಿನ್ ಎರಡು ಸಲ ಬಿಕ್ಕಿ ನಿಂತಿತು. ಮೀಟರ್ ಬಗ್ಗಿ ನೋಡಿದೆ. ಮೂವತ್ತೆಂಟು.

ಇಬ್ಬರು ಕೂತಿದ್ದೇವಲ್ಲ, ಅದಕ್ಕೆ ಕಡಿಮೆ ಬಂತು ಎಂದೆ. ‘ನಾನೊಬ್ಬಳು ಕೂತಿದ್ದಕ್ಕೆ ಮೂವತ್ತು ಕಿಲೋಮೀಟರ್ ಹೋಯ್ತಾ?’ ಎಂದಳು. ನಾನು ಬಾಟಲಿಗೆ ಕೈ ಚಾಚಿದೆ. ಅವಳು ಚೀಲವನ್ನು ಎದೆಗವಚಿಕೊಂಡು, ‘ತಳ್ಳಿ’ ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ‘ಸೇತುವೆ ಮೇಲಿನ ತನಕ ತಳ್ಳಿ. ಆಮೇಲೆ ಕೊಡ್ತೀನಿ’ ಎಂದು ಪಕ್ಕದಲ್ಲಿ ನಡೆಯತೊಡಗಿದಳು. ತಳ್ಳಿದೆ. ಸಪಾಟಾದ ರಸ್ತೆಯಲ್ಲೇ ನನ್ನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಬ್ರೇಕ್ ಹಿಡಿದಿಟ್ಟ ಹಾಗೆ ಗಾಡಿ ಭಾರ. ಏರು ಶುರುವಾದ ಮೇಲೆ ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು, ಫುಟ್‌ರೆಸ್ಟ್ ಬಡಿದು ಕಾಲಿನ ಚರ್ಮ ಕಿತ್ತುಬಂತು. ನಿನ್ನ ಕಾಲಿನ ಮೇಲೂ ಅದೇ ಜಾಗದಲ್ಲಿ ಗಾಯವಿತ್ತು, ಅಲ್ಲವೆ? ಆ ಸಂಜೆ ನೀನು ಪ್ಯಾಂಟ್ ಮಡಚಿಕೊಂಡು ಕೂತಿದ್ದಾಗ ನೋಡಿದ್ದೆ. ಕೇಳಿರಲಿಲ್ಲ. ‘ಅವಳು ಒಬ್ಬಳೇ ತಳ್ಕೊಂಡು ಹೋಗಿದ್ದು. ಟೈಮ್ ಆಗೋಗ್ತಿದೆ ಅಂತ ಗೊತ್ತಿದ್ದೂ’ ಎಂದಳು ಅಮ್ಮ. ಗೊಣಗುವ ದನಿಯೂ ಅಲ್ಲ ಅದು. ಸುಮ್ಮನೆ ಹೇಳಿದಳು.

ಸೇತುವೆಯ ನೆತ್ತಿಯಲ್ಲಿ ಗಾಡಿಗೆ ಸ್ಟ್ಯಾಂಡ್ ಹಾಕಿ, ಅಲ್ಲಿಯವರೆಗೆ ಯಾರಿಗೂ ಹೇಳದ ಮಾತನ್ನು ಅವಳಿಗೆ ಹೇಳಿದೆ. ಈಗ ನಿನಗೆ ಹೇಳುತ್ತಿದ್ದೇನೆ. ನಿನ್ನ ಆಯ್ಕೆಯ ಹಿಂದಿನ ದಿನ ಪ್ರೆಸ್ಸಿನಿಂದ ಬರುವಾಗ ಗಾಡಿ ದಾರಿಯಲ್ಲಿ ನಿಂತಿತ್ತು. ಪೆಟ್ರೋಲ್ ನಲ್ಲಿಯನ್ನು ರಿಸರ್ವಿಗೆ, ತಳದಲ್ಲಿ ಉಳಿದ ಕೊನೆಯ ಪೆಟ್ರೋಲಿಗೆ, ತಿರುಗಿಸಿಕೊಂಡು ಮನೆಗೆ ಬಂದೆ. ಹಾಕಿಸಬೇಕು ಎಂದುಕೊಂಡವನು ಮರೆತೆ. ಬೆಳಿಗ್ಗೆ ನೀನು ಕೇಳಿದಾಗ ಎಪ್ಪತ್ತಿನ ಗುಂಗಿನಲ್ಲಿ ಅದು ತಲೆಗೇ ಬರಲಿಲ್ಲ. ರಿಸರ್ವಿನಲ್ಲೇ ಹೊರಟಿದ್ದರಿಂದ ನಿನಗೆ ಒಂದು ಎಚ್ಚರಿಕೆಯೂ ಸಿಗದೆ ಗಾಡಿ ಒಮ್ಮೆಲೇ ನಿಂತಿತು. ಇಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಆದರೆ ಸಂಜೆ ನೀನು ಗಾಡಿ ನಿಲ್ಲಿಸಿದ ಕೂಡಲೇ ನಾನು ಹೋಗಿ ನೋಡಿದ್ದೆ. ನಲ್ಲಿ ನಾನು ತಿರುಗಿಸಿದ ಜಾಗದಲ್ಲೇ ಇತ್ತು. ನೋಡಿದೆ, ನೆನಪಾಯಿತು, ಅದನ್ನು ಮೆಲ್ಲಗೆ ಮೊದಲಿನ ಜಾಗಕ್ಕೆ ತಿರುಗಿಸಿದೆ. ಆಮೇಲೆ ಒಳಗೆ ಬಂದು ಎಲ್ಲರೆದುರು ನಿನಗೆ ಗಾಡಿ ಓಡಿಸಲು ಬರುವುದಿಲ್ಲ ಎಂದೆ. ಗೊತ್ತಿದ್ದೂ ಎಂದೆ. ಇದನ್ನು ಬರೆಯುವಾಗ ಕೋಣೆಯಲ್ಲಿ ಯಾರೂ ಇಲ್ಲ, ಆದರೂ ತಲೆ ಎತ್ತಲು ಆಗುತ್ತಿಲ್ಲ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಸೇತುವೆಯ ಕಟಕಟೆ ಹಿಡಿದು ಕೆಳಗಿನ ರಸ್ತೆ ನೋಡಿದಳು. ಆಮೇಲೆ ಬಾಟಲಿಯ ಮುಚ್ಚಳ ತೆಗೆದು ತಾನೇ ಟ್ಯಾಂಕಿಗೆ ಹೊಯ್ದಳು.

ಮಾರನೆಯ ದಿನ ಗಾಡಿಯನ್ನು ಮೂಲೆಯ ಗ್ಯಾರೇಜಿಗೆ ಒಯ್ದೆ. ಮೂವತ್ತೆಂಟು ಎಂದಾಗ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ‘ನೀವು ಯಾವಾಗಲೂ ಎಪ್ಪತ್ತು ಅಂತಿದ್ರಿ ಸಾರ್. ನಿಮ್ಮ ಖುಷಿ ಯಾಕೆ ಹಾಳು ಮಾಡೋದು ಅಂತ ನಾನೂ ಹೂಂ ಅಂತಿದ್ದೆ’ ಎಂದ. ಏರ್ ಫಿಲ್ಟರ್ ತೆಗೆದರೆ ವರ್ಷಗಟ್ಟಲೆ ತೊಳೆಯದ ಟೀ ಸೋಸುವ ಬಟ್ಟೆಯ ಹಾಗಿತ್ತು. ಪ್ಲಗ್ ಮಸಿ ಹಿಡಿದಿತ್ತು. ಕಾರ್ಬ್ಯುರೇಟರಿನ ಸೂಜಿ ಸವೆದು, ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಒಳಗೆ ಹೋಗುತ್ತಿತ್ತು. ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿಯಲಿ ಎಂದು ನಾನೇ ಬಿಗಿ ಮಾಡಿದ್ದೆನಲ್ಲ, ಅದು ಚಕ್ರವನ್ನು ಸದಾ ಉಜ್ಜುತ್ತಿತ್ತು. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೈಯಿಂದ ತಿರುಗಿಸಿದರೆ ಚಕ್ರ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಗಾಳಿಯೂ ಕಡಿಮೆ, ಚೈನೂ ಒಣಗಿದ್ದು. ಎಲ್ಲ ಸರಿ ಮಾಡಿಸಿದೆ. ಇನ್ನು ಉಳಿದದ್ದು ಓಡಿಸುವ ಕೈ. ‘ಪ್ರತಿ ಸಿಗ್ನಲ್ಲಿನಲ್ಲೂ ಹುಲಿ ಅಟ್ಟಿಸ್ಕೊಂಡು ಬಂದವರ ಹಾಗೆ ಹಾರ್ತೀರಿ. ಪುಟ್ಟಿ ಓಡಿಸೋವಾಗ ಹಿಂದೆ ಕೂತರೆ ನಾನು ಏನನ್ನೂ ಹಿಡ್ಕೋಬೇಕಾಗಿಲ್ಲ’ ಎಂದಳು ಅಮ್ಮ. ಆಕ್ಸಿಲರೇಟರ್ ತಿರುಚುವವನು ಯಾರು ಎಂಬುದೂ ಅಲ್ಲಿಗೆ ತಿಳಿಯಿತು. ಈಗ ಸಿಗ್ನಲ್ ಕೆಂಪಾಗುವುದು ದೂರದಿಂದ ಕಂಡರೆ ಅಲ್ಲಿಂದಲೇ ಕೈ ಬಿಡುತ್ತೇನೆ, ಹಗುರವಾಗಿ ಎತ್ತುತ್ತೇನೆ. ಹೋದ ಭಾನುವಾರ ಮತ್ತೆ ಒಂದು ಲೀಟರ್ ಹಾಕಿ ಇಬ್ಬರೂ ಅದೇ ದಾರಿಯಲ್ಲಿ ಹೋದೆವು. ಐವತ್ತಮೂರಕ್ಕೆ ನಿಂತಿತು. ಎಪ್ಪತ್ತು ಈ ಗಾಡಿಯಿಂದ ಇನ್ನು ಬರುವುದಿಲ್ಲ.

ಬುದ್ಧಿ ಬಂತು ಎಂದು ಹೇಳಿಕೊಳ್ಳಲು ಹೆದರಿಕೆಯಾಗುತ್ತದೆ. ಮಾರನೆಯ ದಿನ ಪ್ರೆಸ್ಸಿನಲ್ಲಿ ಊಟಕ್ಕೆ ಕೂತಾಗ ಯಾರೋ ‘ಏನ್ ಮೈಲೇಜ್ ಮಾಮ, ಈಗೆಷ್ಟು?’ ಎಂದರು. ಬಾಯಲ್ಲಿ ‘ಅರವ...’ ತನಕ ಬಂದಿತ್ತು. ನುಂಗಿಕೊಂಡು, ಐವತ್ತಮೂರು, ಅದಕ್ಕೂ ಮುಂಚೆ ಮೂವತ್ತೆಂಟು ಎಂದೆ. ಎಲ್ಲರೂ ಹೋ ಎಂದು ನಗುತ್ತಾರೆ ಎಂದು ಮೈ ಬಿಗಿಹಿಡಿದು ಕೂತೆ. ಯಾರೂ ನಗಲಿಲ್ಲ. ಕಟಿಂಗ್ ಮಷಿನ್ನಿನವನು ತುತ್ತು ಅಗಿಯುತ್ತ, ‘ಎಪ್ಪತ್ತು ಅಂದಾಗ ನಾವ್ಯಾರು ನಂಬಿದ್ವಿ ಮಾಮ?’ ಎಂದ. ಮಧ್ಯಾಹ್ನವಿಡೀ ಹಾಳೆ ಮಡಚುತ್ತ ಅದೇ ಯೋಚನೆ. ಇಷ್ಟು ವರ್ಷ, ಇಷ್ಟು ಜನರ ಮುಂದೆ ಕೊಚ್ಚಿಕೊಂಡ ಆ ಮಾತನ್ನು ನಿಜವಾಗಿ ನಂಬಿ ಹೊರಟವಳು ನೀನೊಬ್ಬಳೇ.

ಸಂಜೆ ಚಿಕ್ಕಪ್ಪನ ಮನೆಗೇ ಹೋಗಿ, ಆವತ್ತು ನಕ್ಕ ಮಕ್ಕಳನ್ನೂ ಕೂರಿಸಿಕೊಂಡು, ರಿಸರ್ವಿನ ವಿಷಯದಿಂದ ಹಿಡಿದು ಎಲ್ಲ ಹೇಳಿದೆ. ಚಿಕ್ಕಪ್ಪ, ‘ಅತ್ತಿಗೆಗೆ ಗೊತ್ತಾ ಅಣ್ಣ?’ ಎಂದ. ಗೊತ್ತು ಎಂದೆ. ‘ಪುಟ್ಟಿಗೆ?’ ಎಂದ. ಅದಕ್ಕೇ ಈ ಕಾಗದ.

ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ಆಗುವಾಗ ಆಗಲಿ, ಆಗದಿದ್ದರೆ ಬೇಡ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಸಂಜೆ ಹೊತ್ತು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು. ನೀನು ಎಲ್ಲಿದ್ದರೂ ಚೆನ್ನಾಗಿರು ಮಗಳೇ.

ನಿನ್ನ
ಅಪ್ಪ

ಮತ್ತೆ: ಇದನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕಿತ್ತು, ಧೈರ್ಯವಾಗಲಿಲ್ಲ. ಮೊನ್ನೆ ಅರ್ಧ ದಿನ ರಜೆ ಹಾಕಿ ತರಬೇತಿ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿನ ಮುಖ್ಯಸ್ಥೆಯನ್ನು ಕಂಡು, ಆವತ್ತು ನೀನು ತಡವಾಗಿ ಬಂದದ್ದಕ್ಕೆ ಕಾರಣ ನಾನು ಎಂದು ಹೇಳಿದೆ. ಆ ತಂಡ ಭರ್ತಿಯಾಗಿದೆ, ಅದರಲ್ಲಿ ಏನೂ ಮಾಡಲಾಗದು ಎಂದರು. ಆದರೆ ಮುಂದಿನ ತಿಂಗಳು ಇನ್ನೊಂದು ತಂಡಕ್ಕೆ ಆಯ್ಕೆ ಇದೆಯಂತೆ. ನೀನೇ ಫೋನ್ ಮಾಡಿ ಹೆಸರು ಹೇಳಿದರೆ ಸಾಕಂತೆ. ‘ಬರ್ತಾಳಾ ನಿಮ್ಮ ಮಗಳು?’ ಎಂದು ಕೇಳಿದರು. ಎಲ್ಲದಕ್ಕೂ ಉತ್ತರ ರೆಡಿ ಇಟ್ಟುಕೊಳ್ಳುವ ನಾನು, ‘ನನಗೆ ಗೊತ್ತಿಲ್ಲಮ್ಮ, ಅವಳನ್ನೇ ಕೇಳಬೇಕು’ ಎಂದು ಬಂದೆ. ಅವರ ನಂಬರನ್ನು ಲಕೋಟೆಯ ಒಳಗೆ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ನನಗೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ ಪುಟ್ಟಿ, ಅವರಿಗೊಂದು ಫೋನ್ ಮಾಡು.