ಒಂಟಾರಿಯೊ ಬೇಡವೇ ಬೇಡ

ತಾರೀಕು ೧೧, ಬುಧವಾರ
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಜಗಳಗಂಟಿ ಮೊಮ್ಮಗಳಿಗೆ,

ನಿನ್ನ ಕೈಗೇನು ಲಕ್ವ ಹೊಡೆದಿದೆಯೇ? ನಾನು ಬರೆದ ಹಿಂದಿನ ಕಾಗದಕ್ಕೆ ಒಂದು ಸಾಲು ಉತ್ತರವಿಲ್ಲ. ನಿಮ್ಮಮ್ಮ ಫೋನಿನಲ್ಲಿ "ಒಂಟಾರಿಯೊ ತಾನೇ?" ಎಂದು ಕೇಳಿದರೆ ಮಾತ್ರ "ಹೂಂ" ಎನ್ನಲು ನಾಲಿಗೆ ಹೊರಳುತ್ತದೆ. ಏನು ಹೂಂ ಅದು? ಹಲ್ಲು ಕೀಳುವ ಡಾಕ್ಟರ ಮುಂದೆ ಬಾಯಿ ತೆರೆದು ಕೂತವರು ಹೇಳುವಂಥದ್ದು. ಚಿಕ್ಕವಳಿದ್ದಾಗ ತುತ್ತು ಹಿಡಿದು ನಿನ್ನ ಹಿಂದೆ ಓಡಿದರೆ ಇಡೀ ಬೀದಿಗೆ ಕೇಳುವಂತೆ "ಬೇಡ" ಎಂದು ಕಿರುಚುತ್ತಿದ್ದೆ. ಬೇಡ ಎನ್ನಲೇಬೇಕಾದ ಹೊತ್ತು ಈಗ ಬಂದಿದೆ, ಈಗ ನಿನಗೆ ಗಂಟಲು ಕಟ್ಟಿತೇ? ನಾಚಿಕೆಯಾಗಬೇಕು.

ಬೈದದ್ದಾಯಿತು. ಇನ್ನು ಕ್ಷೇಮ ಸಮಾಚಾರ. ನಾನು ಇದ್ದೇನೆ. ಮೊಣಕಾಲು ತನ್ನ ಪಾಡಿಗೆ ತಾನು ಅಳುತ್ತದೆ, ನಾನು ನನ್ನ ಪಾಡಿಗೆ ಕೆಲಸ ಮಾಡುತ್ತೇನೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದು ಕೂತರೆ ಸಾಕು, ಯಾರಾದರೂ ಹರಿದ ಚೀಲ ತಂದು ಮುಂದೆ ಸುರಿಯುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಮ್ಮ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ನಿಲ್ಲುತ್ತಾಳೆ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ನಿಂತ ಅಕ್ಷರ ನನ್ನದು, ಸೊಟ್ಟಗಿದ್ದರೆ ತಲೆ ಸೊಟ್ಟ ಮಾಡಿಕೊಂಡು ಓದು.

ನಿಮ್ಮಪ್ಪನಿಗೆ ಹೊಸ ಹುಚ್ಚು ಹಿಡಿದಿದೆ. ನೀನು ಕೆನಡಾಕ್ಕೆ ಓದಲು ಹೋಗುವ ಮಾತು ಶುರುವಾದಾಗಿನಿಂದ, ರಿಪೇರಿಗೆ ಬಂದ ಸೂಟ್‌ಕೇಸನ್ನು ಎತ್ತಿಡುವ ಮೊದಲೇ "ಇದು ಯಾವ ದೇಶ ನೋಡಿ ಬಂದಿದೆ, ಯಾವ ಪ್ರಾಂತ್ಯ?" ಎಂದು ವಿಚಾರಣೆ ಮಾಡುತ್ತಾನೆ. ಚಕ್ರ ಸವೆದಿದ್ದರೆ ಅಲ್ಲಿ ಬಸ್ಸು ಕಡಿಮೆಯಂತೆ, ನಡಿಗೆ ಜಾಸ್ತಿಯಂತೆ. ಜಿಪ್ಪಿನ ರನ್ನರ್ ತುಕ್ಕು ಹಿಡಿದಿದ್ದರೆ ಸಮುದ್ರದ ಉಪ್ಪು ಗಾಳಿಯಂತೆ. ಹಾಗೆ ನೋವಾ ಸ್ಕೋಶಿಯಾ ಹೋಯಿತು. ಒಳಗಿನ ಬಟ್ಟೆಗೆ ಬೂಷ್ಟು ಹಿಡಿದಿದ್ದರೆ ಮಳೆ ನಿಲ್ಲದ ಜಾಗವಂತೆ. ಬ್ರಿಟಿಷ್ ಕೊಲಂಬಿಯಾವೂ ಹೋಯಿತು. ಮೊನ್ನೆ ಮ್ಯಾನಿಟೋಬಾದಿಂದ ಬಂದ ಪೆಟ್ಟಿಗೆಯೊಂದರ ಮೂಲೆ ಸೀಳಿತ್ತು. ಅದನ್ನು ನನ್ನ ಮೂಗಿನ ತನಕ ತಂದು ಹಿಡಿದ.

"ನೋಡಮ್ಮ, ಚಳಿಗೆ ಪ್ಲಾಸ್ಟಿಕ್ಕೇ ಹಿಂಗೆ ಸೀಳಿದೆ. ಇನ್ನು ಮಗು ಮೈ ಏನಾಗಬೇಡ?"

ಪೆಟ್ಟಿಗೆಯ ಒಡತಿ ಅಲ್ಲೇ ನಿಂತಿದ್ದಳು. "ಅಯ್ಯೋ, ಚಳಿಗಲ್ಲ ಸಾರ್, ನಮ್ಮ ಯಜಮಾನರು ಮಹಡಿ ಮೆಟ್ಟಿಲ ಮೇಲಿಂದ ಬೀಳಿಸಿದ್ದು" ಅಂದಳು.

ಆದರೂ ಅವನು ಮ್ಯಾನಿಟೋಬಾವನ್ನು ಕೈಬಿಟ್ಟ. ಪಕ್ಕದಲ್ಲಿದೆ ಎಂಬ ಒಂದೇ ತಪ್ಪಿಗೆ ನೀನು ಆಸೆಪಟ್ಟ ಸಸ್ಕಾಚೆವಾನನ್ನೂ ಬಿಟ್ಟ. ನಗಬೇಡ. ಹೆಂಡತಿಯ ಹಠಕ್ಕೆ ತಲೆಯಾಡಿಸಲು ಅವನಿಗೊಂದು ನೆಪ ಬೇಕಿತ್ತು, ಪೆಟ್ಟಿಗೆಗಳು ಒದಗಿಸಿಕೊಟ್ಟವು. ಒಂಟಾರಿಯೊದಿಂದ ಬಂದ ಪೆಟ್ಟಿಗೆ ಎಷ್ಟು ಜಜ್ಜಿಹೋಗಿದ್ದರೂ ಅವನ ಕಣ್ಣಿಗೆ ಅಂಗಡಿಯಿಂದ ಈಗ ತಾನೇ ತಂದ ಹಾಗೆ ಕಾಣುತ್ತದೆ.

ನಿಮ್ಮಣ್ಣ ಒಯ್ದ ಪೆಟ್ಟಿಗೆ ಮಾತ್ರ ವಾಪಸು ಬರಲಿಲ್ಲ.

ಆ ಮಾತನ್ನು ಈ ಮನೆಯಲ್ಲಿ ಯಾರೂ ಪೂರ್ತಿ ಆಡುವುದಿಲ್ಲ, ನಾನಾದರೂ ಬರೆಯುತ್ತೇನೆ. ಅವನು ಒಂಟಾರಿಯೊಗೆ ಓದಲು ಹೋದ. ಮೊದಮೊದಲು ದಿನಾ ಫೋನು, ತಿಂದದ್ದು ಉಂಡದ್ದು ಎಲ್ಲ ವರದಿ. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಬರೀ ನೆಪ. ಕೊನೆಗೆ ಅದೂ ಇಲ್ಲ. ತರಗತಿಗೆ ಬರುವುದು ನಿಲ್ಲಿಸಿದ ಎಂದು ಕಾಲೇಜಿನವರು ಹೇಳಿದರು, ಕೋಣೆ ಬಿಟ್ಟು ಹೋದ ಎಂದು ಜೊತೆಗಿದ್ದವನು ಹೇಳಿದ, ನಂಬರು ಸತ್ತು ಕೂತಿತು. ವರ್ಷ ದಾಟಿತು. ಈಗ ನಿನ್ನ ಸರದಿ ಬಂದಿದೆ. ಓದಲು ಹೋಗುತ್ತಿದ್ದೇನೆ ಎಂದು ನೀನು ಅಂದುಕೊಂಡಿರಬಹುದು. ಈ ಮನೆಯಲ್ಲಿ ಹಾಗೆ ಅಂದುಕೊಂಡವರು ಯಾರೂ ಇಲ್ಲ. ಅವನನ್ನು ಹುಡುಕಲು ಇವರು ನಿನ್ನನ್ನು ಕಳಿಸುತ್ತಿದ್ದಾರೆ.

ಸಾಕ್ಷಿ ಬೇಕೇ? ಹೋದ ವಾರ ಕತ್ತರಿಸುವ ಮೇಜಿನ ಮೇಲೆ ನಿನ್ನ ದೊಡ್ಡ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ನಿಮ್ಮಪ್ಪ ಅದರ ನಟ್ಟನಡುವೆ ಗಟ್ಟಿ ಬಟ್ಟೆಯದೊಂದು ಅಡ್ಡಗೋಡೆ ಹೊಲಿದಿದ್ದಾನೆ, ಅದಕ್ಕೊಂದು ಜಿಪ್ಪು ಬೇರೆ. ಕೆಲಸವೇನೋ ಅಚ್ಚುಕಟ್ಟು, ಹೊಲಿಗೆ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಿಲ್ಲ. ನಿಮ್ಮಮ್ಮ ಬಟ್ಟೆ ಮಡಚುತ್ತಿದ್ದಳು.

"ಇದೇನೇ, ಪೆಟ್ಟಿಗೆಗೂ ಪಾಲು ಮಾಡಿಸಿದ್ದೀಯ?" ಎಂದು ಕೇಳಿದೆ.

"ಈ ಕಡೆ ಅವಳದು, ಆ ಕಡೆ ಅವನದು ಅತ್ತೆ."

"ಅವಳ ಚಳಿ ಬಟ್ಟೆ ಎಲ್ಲಿ ಹಿಡಿಸ್ತದೆ ಇಷ್ಟರಲ್ಲಿ?"

"ಅವಳು ಅಲ್ಲೇ ಕೊಂಡ್ಕೋತಾಳೆ ಬಿಡಿ. ಅವನಿಗೆ ಯಾರು ಕೊಡಿಸ್ತಾರೆ?"

ಅವನ ಕಡೆ ಏನೇನಿತ್ತು ಗೊತ್ತೇ? ನೀಲಿ ಸ್ವೆಟರು, ಬನಿಯನ್ನು, ಉಬ್ಬಸಕ್ಕೆ ಅವನು ಸೇದುತ್ತಿದ್ದ ಇನ್‌ಹೇಲರು, ಹೊಸ ಚಪ್ಪಲಿ. ಚಪ್ಪಲಿ ಅವನ ಅಳತೆಗಿಂತ ದೊಡ್ಡದಿತ್ತು. ಗಂಡಸಿನ ಕಾಲು ಈ ವಯಸ್ಸಿನಲ್ಲಿ ಬೆಳೆಯುತ್ತದೇನೇ ಎಂದು ಗೇಲಿ ಮಾಡಲು ಹೊರಟೆ.

"ಅಲ್ಲಿ ದಪ್ಪ ಕಾಲುಚೀಲ ಹಾಕಿರ್ತಾನಲ್ಲ ಅತ್ತೆ" ಅಂದಳು.

ನನ್ನ ಬಾಯಿ ಗೊತ್ತಲ್ಲ ನಿನಗೆ, ಯಾರಿಗೂ ಸಾಲ ಉಳಿಸಿಕೊಳ್ಳದ ಬಾಯಿ. ಅವತ್ತು ಮಾತ್ರ ಒಳಗೆ ಹೋಗಿ ನೀರು ಕುಡಿದು ಬಂದೆ.

ಮರುದಿನ ಯಾರಿಗೂ ನಿಜ ಹೇಳದೆ, ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿ, ಬಸ್ಸು ಹತ್ತಿ ನಿನ್ನ ಕಾಗದಪತ್ರ ಮಾಡಿಸುವ ಆಫೀಸಿಗೆ ಹೋದೆ. ಮೂರನೇ ಮಹಡಿ, ಲಿಫ್ಟಿನ ಬಾಗಿಲಿಗೆ "ಕೆಟ್ಟಿದೆ" ಎಂದು ಚೀಟಿ. ಹತ್ತಿದೆ. ಒಳಗೆ ಫ್ಯಾನು ತಿರುಗುತ್ತಿತ್ತು, ಕುರ್ಚಿಗಳಲ್ಲಿ ನಿನ್ನ ವಯಸ್ಸಿನವರು ಫೈಲು ತಬ್ಬಿಕೊಂಡು ಪರೀಕ್ಷೆಗೆ ಬಂದವರ ಹಾಗೆ ಕೂತಿದ್ದರು. ಗೋಡೆಯ ಮೇಲೆ ಕೆನಡಾದ ದೊಡ್ಡ ನಕ್ಷೆ. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಪ್ರಾಂತ್ಯ. ಒಬ್ಬಳು ಕ್ಯೂಬೆಕ್ ಅಂದಳು, ಇನ್ನೊಬ್ಬ "ಅಲ್ಲಿ ಫ್ರೆಂಚ್ ಬರಬೇಕು ಕಣೇ, ನಿನಗೆ ಇಂಗ್ಲಿಷೇ ತಡವರಿಸ್ತದೆ" ಎಂದು ನಕ್ಕ. ಹೆದರಿದ ಮಕ್ಕಳು ನಗುವ ನಗು.

ಟೈ ಕಟ್ಟಿದ ಗುಮಾಸ್ತ ನನ್ನನ್ನು ಕೂರಿಸಿ ನೀರು ಕೊಟ್ಟ. ನೀನು ಬೇಕೆಂದದ್ದು ಸಸ್ಕಾಚೆವಾನಿನ ಪ್ರಾಣಿ ಶುಶ್ರೂಷೆಯ ಕೋರ್ಸು ಎಂದೂ, ಅಲ್ಲಿ ಸೀಟು ಸಿಕ್ಕಿದೆ ಎಂದೂ ಅವನಿಗೆ ಗೊತ್ತಿತ್ತು. "ಹಾಗಾದರೆ ಒಂಟಾರಿಯೊದಲ್ಲಿ ಆಫೀಸು ನಡೆಸೋದು ಕಲಿಸುವ ಈ ಕೋರ್ಸು ಎಲ್ಲಿಂದ ಬಂತಪ್ಪ?" ಎಂದೆ.

"ಅವರ ತಾಯಿ ಹೇಳಿದ್ರು ಅಜ್ಜಿ. ಆಮೇಲೆ ವಿದ್ಯಾರ್ಥಿನೀನೂ ಒಪ್ಪಿದ್ರು."

"ಬದಲಾಯಿಸಿಬಿಡು. ನಾನು ಹೇಳ್ತಿದ್ದೀನಿ."

"ನೀವು ಹೇಳಿದ್ರೆ ಆಗಲ್ಲ ಅಜ್ಜಿ. ಅವರೇ ಹೇಳಬೇಕು. ಈ ತಿಂಗಳು ಮುಗಿದ ಮೇಲೆ ಆ ಪ್ರಾಂತ್ಯಕ್ಕೆ ಅರ್ಜಿ ಹೋಗ್ತದೆ. ಹೋದ್ಮೇಲೆ ಬೇರೆ ಪ್ರಾಂತ್ಯ ಬೇಕು ಅಂದ್ರೆ ಮತ್ತೆ ಮೊದಲಿಂದ, ಈ ವರ್ಷದ ಸೀಟೂ ಕೈಬಿಟ್ಟ ಹಾಗೆ."

ನಾನು ಬೇಡಿಕೊಂಡೆ ಕಣೇ. ಈ ವಯಸ್ಸಿನಲ್ಲಿ, ಮೊಮ್ಮಕ್ಕಳ ವಯಸ್ಸಿನವನ ಎದುರು ಕೈ ಮುಗಿದೆ. ಕೂತಿದ್ದವರೆಲ್ಲ ಫೋನಿನಿಂದ ತಲೆ ಎತ್ತಿ ನೋಡಿದರು. ಅವನಿಗೇ ನಾಚಿಕೆಯಾಗಿ, ನನ್ನನ್ನು ನಕ್ಷೆಯ ಹತ್ತಿರ ಕರೆದುಕೊಂಡು ಹೋಗಿ ಒಂಟಾರಿಯೊ ತೋರಿಸಿದ. ಗೇಣು ಹಾಕಿ ನೋಡಿದೆ, ನನ್ನ ಗೇಣಿಗೆ ಸಿಕ್ಕಲಿಲ್ಲ. ನಮ್ಮ ಊರು ಇದರಲ್ಲಿ ಎಷ್ಟಾಗಬಹುದು ಎಂದು ಕೇಳಿದ್ದಕ್ಕೆ, ಪೆನ್ನಿನ ತುದಿಯನ್ನು ತಾಗಿಸಿಯೂ ತಾಗಿಸದ ಹಾಗೆ ಇಟ್ಟ. ಅಂಥ ಜಾಗದಲ್ಲಿ ನಿಮ್ಮಮ್ಮ ನಿನ್ನನ್ನು ಬೀದಿ ಬೀದಿ ಅಲೆಸುವವಳು. ನೀನು ಅಲ್ಲಿ ಇಳಿದ ಮರುದಿನದಿಂದಲೇ ಫೋನು ಶುರುವಾಗುತ್ತದೆ: ಇವತ್ತು ಎಲ್ಲಿ ಹುಡುಕಿದೆ, ಯಾರನ್ನು ಕೇಳಿದೆ, ಅವನ ಹಾಗೆ ಕಾಣುವವರು ಯಾರಾದರೂ ಸಿಕ್ಕರೇ? ಓದು ಎಲ್ಲಿ, ನಿದ್ದೆ ಎಲ್ಲಿ? ಅವನು ಸಿಗದಿದ್ದರೆ ತಪ್ಪು ನಿನ್ನದಾಗುತ್ತದೆ. ಮಗಳು ಸರಿಯಾಗಿ ಹುಡುಕಲಿಲ್ಲ ಎಂಬ ಮಾತು ಈ ಮನೆಯಲ್ಲಿ ನಿನ್ನ ಮದುವೆಯಾದರೂ, ನಿನಗೆ ಮಕ್ಕಳಾದರೂ ಉಳಿದಿರುತ್ತದೆ. ನಿಮ್ಮಮ್ಮ ಕೆಟ್ಟವಳಲ್ಲ. ಆದರೆ ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾಳೆ, ಅದು ಇನ್ನೊಂದು ಮಗುವೆಂದು ನೋಡುವುದಿಲ್ಲ.

ನೀನು ಈಗಿರುವ ಊರಿನ ದನದ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದ ದಿನ ಫೋನು ಮಾಡಿ, ಕರು ಹಾಕಲು ಒದ್ದಾಡುತ್ತಿದ್ದ ಹಸುವಿನ ಹೊಟ್ಟೆ ಸವರುತ್ತ ಕೂತಿದ್ದೆ ಎಂದು ಹೇಳಿದೆಯಲ್ಲ, ಆ ದನಿ ನನ್ನ ಕಿವಿಯಲ್ಲಿದೆ. ಆ ದನಿಯವಳನ್ನು ಆಫೀಸಿನ ಕುರ್ಚಿಗೆ ಕಟ್ಟಿಹಾಕಲು ನಾನು ಬಿಡುವುದಿಲ್ಲ. ಸಸ್ಕಾಚೆವಾನಿನಲ್ಲಿ ಮೈ ಕೊರೆಯುವ ಚಳಿಯಂತೆ, ಇರಲಿ. ಆ ಗುಮಾಸ್ತನೇ ಹೇಳಿದ, ದನ ಕುದುರೆಗಳಿಗೆ ಅಲ್ಲಿ ಬರವಿಲ್ಲವಂತೆ. ಸ್ವೆಟರು ಹಾಕಿಕೊ, ಎರಡು ಹಾಕಿಕೊ. ನಿಮ್ಮಮ್ಮನ ಹತ್ತಿರ ನಿನಗೆ ಬಾಯಿ ಬರದಿದ್ದರೆ ನನ್ನ ಹೆಸರು ಹೇಳು. ಅಜ್ಜಿ ಕಾಲು ಹಿಡಿದುಕೊಂಡಳು, ಅಜ್ಜಿ ಬಾವಿಗೆ ಬೀಳುತ್ತೇನೆ ಅಂದಳು, ಏನು ಬೇಕಾದರೂ ಹೇಳು. ಮನೆಗೆ ಬೆಂಕಿ ಹಚ್ಚಿದ ಮುದುಕಿ ಎನಿಸಿಕೊಳ್ಳಲು ನಾನು ತಯಾರು.

ಚೆನ್ನಾಗಿರು ಮಗಳೇ. ನಿನ್ನ ಕೈ ಮುಟ್ಟಿದ ಮೂಕ ಜೀವವೆಲ್ಲ ಎದ್ದು ನಿಲ್ಲಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳು, ನನ್ನ ಆಯಸ್ಸಿನಲ್ಲಿ ಉಳಿದದ್ದಿದ್ದರೆ ಅದನ್ನೂ ಸೇರಿಸಿಕೊ.

ಇಂತಿ,
ನಿನ್ನ ಬಾಯಿಬಡುಕಿ ಅಜ್ಜಿ

ತಾ.ಕ. ಕಾಗದ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಅಷ್ಟೇ ಅಲ್ಲ.

ನಿಮ್ಮಣ್ಣ ಫೋನು ಮಾಡಿದ್ದ. ಆಫೀಸಿಗೆ ಹೋಗಿ ಬಂದ ಮರುದಿನ ಮಧ್ಯಾಹ್ನ, ಅಂಗಡಿಯ ಹಳೇ ಫೋನಿಗೆ, ನಂಬರು ಕಾಣಿಸದ ಅದಕ್ಕೆ. ನಿಮ್ಮಪ್ಪ ನೂಲು ತರಲು ಹೋಗಿದ್ದ. "ಅಜ್ಜಿ, ನನ್ನ ಹೆಸರು ಹಿಡಿದು ಕರೀಬೇಡ, ಸುಮ್ನೆ ಕೇಳು" ಅಂದ. ಊಟ ಮಾಡ್ತೀಯೇನೋ ಎಂದು ಕೇಳಿದೆ. ಮಾಡ್ತೀನಿ ಅಂದ. ಉಬ್ಬಸ? ಇದೆ. ಆ ಒಂಟಾರಿಯೊದಲ್ಲೇ ಇದ್ದೀಯಾ? ಇಲ್ಲೇ ಇದ್ದೀನಿ. ಆಮೇಲೆ ಅಂದ: "ತಂಗಿ ಈ ಕಡೆ ಬರ್ತಾಳಂತೆ, ಯಾರೋ ಹೇಳಿದ್ರು. ಬೇಡ ಅಜ್ಜಿ. ಅವಳು ಬಂದ್ರೆ ನಾನು ಇಲ್ಲಿಂದಾನೂ ಹೊರಟುಹೋಗ್ತೀನಿ. ಇನ್ನು ಹುಡುಕಿಸಬೇಡಿ ನನ್ನ." ಅಮ್ಮನಿಗೆ ಕೊಡ್ತೀನಿ ಕಣೋ, ಇಲ್ಲೇ ಇದ್ದಾಳೆ ಅಂದೆ. ಇಟ್ಟುಬಿಟ್ಟ.

ನಿಮ್ಮಮ್ಮ ಒಳಗಿನಿಂದ "ಯಾರತ್ತೆ ಫೋನು?" ಎಂದು ಕೂಗಿದಳು. "ಯಾರೋ, ಚೀಲ ರೆಡಿ ಆಯ್ತಾ ಅಂತ ಕೇಳಿದ್ರು" ಅಂದೆ. ಅವಳು "ನಾಳೆ ಬನ್ನಿ ಅನ್ನಬೇಕಿತ್ತು" ಎಂದು ತನ್ನ ಕೆಲಸಕ್ಕೆ ಬಗ್ಗಿದಳು.

ಅವನು ಅಲ್ಲಿ ಬದುಕಿದ್ದಾನೆ. ನೀನು ಹೋದರೆ ಅಲ್ಲಿಯೂ ಇರುವುದಿಲ್ಲ. ಇರುವ ಕಡೆಯಾದರೂ ಇರಲಿ ಎಂದು ನಿನ್ನ ಕಾಲು ಹಿಡಿಯುತ್ತಿದ್ದೇನೆ. ನಿಮ್ಮಮ್ಮನಿಗೆ ಹೇಳಿದರೆ ಮಗ ಬದುಕಿದ್ದಾನೆಂದು ತಿಳಿಯುತ್ತದೆ, ಅವಳ ದನಿ ಕೇಳಲೂ ಒಲ್ಲದೆ ಫೋನು ಇಟ್ಟನೆಂದೂ ತಿಳಿಯುತ್ತದೆ. ಹೇಳದಿದ್ದರೆ ದಿನಾ ಬಾಗಿಲ ಕಡೆ ನೋಡುತ್ತ ಕೂರುತ್ತಾಳೆ, ನಾನು ಪಕ್ಕದಲ್ಲಿ ಕೂತು ಜಿಪ್ಪು ಹೊಲಿಯಬೇಕು. ಯಾವುದು ಕಡಿಮೆ ಪಾಪ ಎಂದು ನನಗೆ ಹೊಳೆಯುತ್ತಿಲ್ಲ, ಅವಳ ಮುಖ ನೋಡಿಕೊಂಡು ಒಬ್ಬಳೇ ಇದನ್ನು ಹೊರಲಾರೆ. ನೀನು ಅವಳ ಮಗಳು, ನೀನು ಹೇಳು. ಉತ್ತರ ಅಂಗಡಿಗೆ ಹಾಕು, ಪೋಸ್ಟಿನವನು ನನ್ನ ಕೈಗೇ ಕೊಡುತ್ತಾನೆ. ಮೊದಲು ಆ ಆಫೀಸಿಗೆ ಒಂಟಾರಿಯೊ ಬೇಡ ಎಂದು ತಿಳಿಸು, ಆಮೇಲೆ ಅಮ್ಮನಿಗೆ ಹೇಳಲೋ ಬೇಡವೋ ನನಗೆ ಬರೆ. ಬರುವ ತಿಂಗಳು ಹುಟ್ಟುವುದರೊಳಗೆ ಬರೆ.