ಬ್ಯಾನರ್ ಕಟ್ಟದ ಶಿಬಿರ

ಆರೋಗ್ಯ ಕೇಂದ್ರ, ಗಾಡಿ ನಿಲ್ಲಿಸುವ ಶೆಡ್ಡು
ತಾರೀಖು ಹದಿನೇಳು, ಬುಧವಾರ ಮಧ್ಯಾಹ್ನ

ಪ್ರೀತಿಯ ಮರಿ,

ಅಪ್ಪನ ಅಕ್ಷರ ಕಂಡು ಗಾಬರಿಯಾಗಬೇಡ, ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ನೀನು ಹೇಗಿದ್ದೀಯ? ಜ್ವರ, ಮೈಕೈ ನೋವು, ಎಲ್ಲಾದರೂ ಬೊಕ್ಕೆ ಎದ್ದಿದ್ದು, ಅಂಥದ್ದೇನೂ ಇಲ್ಲ ತಾನೇ? ಈ ಬೊಕ್ಕೆ ಜ್ವರ ನಿಮ್ಮ ಊರಿಗೂ ಕಾಲಿಟ್ಟಿದೆ ಎಂದು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಲಸಿಕೆ ಹಾಕಿಸಿಕೊಂಡೆಯಾ ಎಂದು ನಿನ್ನಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ‘ನೋಡೋಣಮ್ಮ’ ಅನ್ನುತ್ತೀಯಂತೆ. ನಾನೇ ಕೇಳೋಣವೆಂದರೆ ನಾಲ್ಕು ವರ್ಷದಿಂದ ನಿನ್ನ ಜೊತೆ ಮಾತಿಲ್ಲ. ಫೋನ್ ಹಿಡಿದರೆ ಮತ್ತೇನಾದರೂ ಒರಟಾಗಿ ಅಂದುಬಿಡುತ್ತೇನೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ಕಾಗದವಾದರೆ ತಪ್ಪು ಬರೆದದ್ದನ್ನು ಹೊಡೆದುಹಾಕಬಹುದು. ಇದು ಮೂರನೆಯ ಹಾಳೆ. ನಗಬೇಡ.

ನಿನ್ನಮ್ಮನ ಮಂಡಿ ನೋವು ಈಗ ಪರವಾಗಿಲ್ಲ, ನನ್ನನ್ನು ಬೈಯುವಷ್ಟು ಶಕ್ತಿ ಯಾವಾಗಲೂ ಇದ್ದೇ ಇದೆ. ನಾನು ಈಗ ಲಸಿಕೆಯ ಗಾಡಿ ಓಡಿಸುತ್ತಿದ್ದೇನೆ. ಹಿಂದೆ ಐಸ್ ಪೆಟ್ಟಿಗೆ, ಪಕ್ಕದಲ್ಲಿ ಹಿರಿಯ ಸಿಸ್ಟರ್, ಹಳ್ಳ ಸಿಕ್ಕಿದರೆ ಇಬ್ಬರೂ ಮೊದಲು ಪೆಟ್ಟಿಗೆಯ ಕಡೆ ತಿರುಗುತ್ತೇವೆ. ಈ ರೋಗ ಮೈಗೆ ಮೈ ತಾಗಿದರೆ ಯಾರಿಗೆ ಬೇಕಾದರೂ ಅಂಟುತ್ತದೆ ಎನ್ನುತ್ತಾರೆ ನಮ್ಮ ಡಾಕ್ಟರಮ್ಮ. ಆದರೆ ಈ ಸಲ ಗಂಡಸರೊಂದಿಗೆ ಬಾಳುವ ಗಂಡಸರಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರಲ್ಲಿ ಮೊದಲು ಕಾಣಿಸಿಕೊಂಡಿತು. ಕಾಣಿಸಿಕೊಂಡದ್ದೇ ತಡ, ಜನ ಬಾಯಿಗೆ ಬಂದ ಹಾಗೆ ಆಡಿದರು. ಅದಕ್ಕೆ ಹೆದರಿ ಅಂಥವರು ಆಸ್ಪತ್ರೆಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಹಾಗಾಗಿ ಅವರಿಗೆಂದೇ ಒಂದು ಶಿಬಿರ ಮಾಡುವುದೆಂದು ತೀರ್ಮಾನವಾಯಿತು.

ಈಗ ನಿನ್ನಪ್ಪನ ಬುದ್ಧಿವಂತಿಕೆ ಕೇಳು. ಬಸ್ ನಿಲ್ದಾಣದ ಎದುರು, ಎರಡು ಕಂಬಗಳ ನಡುವೆ, ‘ಲೈಂಗಿಕ ಅಲ್ಪಸಂಖ್ಯಾತರಿಗೆ ವಿಶೇಷ ಲಸಿಕಾ ಶಿಬಿರ’ ಎಂದು ಆಳೆತ್ತರದ ಬ್ಯಾನರ್ ಕಟ್ಟಿದವನು ನಾನೇ. ಸಾಲದ್ದಕ್ಕೆ ಗಾಡಿಗೆ ಮೈಕ್ ಸಿಕ್ಕಿಸಿಕೊಂಡು ಬೀದಿ ಬೀದಿಯಲ್ಲಿ ಅದನ್ನೇ ಕೂಗಿಕೊಂಡು ಬಂದೆ. ಸಂಜೆಯವರೆಗೆ ನೊಣ ಹೊಡೆಯುತ್ತಾ ಕೂತೆವು. ಒಬ್ಬ ಬಂದ, ಶೌಚಾಲಯ ಎಲ್ಲಿ ಎಂದು ಕೇಳಿ ಹೋದ. ‘ಅಷ್ಟು ಮಾಡಿದ್ರೂ ಬರ್ಲಿಲ್ಲ ನೋಡಿ, ಇವ್ರಿಗೆ ಜೀವದ ಮೇಲೆ ಆಸೆನೇ ಇಲ್ಲ’ ಎಂದು ನಾನು ಸಿಸ್ಟರ್ ಹತ್ತಿರ ಗೊಣಗಿದೆ. ಎಂಥ ದಡ್ಡ ನಾನು!

ಮಾರನೆಯ ದಿನ ಕೇಂದ್ರದ ಕಿಟಕಿ ಪರದೆ ಹೊಲಿದು ತಂದ ಟೈಲರಕ್ಕ ಶೆಡ್ಡಿಗೇ ಬಂದಳು. ಹುಟ್ಟಿದಾಗ ಅವಳನ್ನು ಹುಡುಗ ಎಂದಿದ್ದರಂತೆ. ಅವಳ ಅಂಗಡಿಯಲ್ಲಿ ಅವಳಂಥವರು ಎಷ್ಟೋ ಜನ ಕೂತು ಕಷ್ಟಸುಖ ಹೇಳಿಕೊಳ್ಳುತ್ತಾರೆ. ಪರದೆಯ ಗಂಟನ್ನು ನನ್ನ ಕೈಗಿಟ್ಟು ಕೇಳಿದಳು: ‘ಅಣ್ಣಾ, ಕೋಪ ಮಾಡ್ಕೋಬೇಡಿ. ಆ ಬ್ಯಾನರ್ ಕೆಳಗೆ ನಿಮ್ ಮನೆಯವ್ರನ್ನ ನಿಲ್ಲಿಸ್ತಿದ್ರಾ? ಮನೆ ಓನರ್ ನೋಡಿದ್ರೆ ಮನೆ ಹೋಗತ್ತೆ, ಸಾಹುಕಾರ ನೋಡಿದ್ರೆ ಕೆಲ್ಸ ಹೋಗತ್ತೆ.’

ಮರಿ, ಮುಖಕ್ಕೆ ಹೊಡೆದ ಹಾಗಾಯಿತು. ಕೋಪ ಬರಲಿಲ್ಲ, ಬೇಕೆಂದರೂ ಬರಲಿಲ್ಲ. ಕಣ್ಣೆದುರು ಬಂದದ್ದು ನೀನು. ಇಲ್ಲಿ ಯಾರಾದರೂ ಮಗ ಏನು ಮಾಡುತ್ತಾನೆ ಎಂದರೆ ‘ದೂರದಲ್ಲಿದ್ದಾನೆ’ ಎಂದು ಮಾತು ತೇಲಿಸುತ್ತಾ ಬಂದವನು ನಾನು. ಅವತ್ತು, ಯಾಕೋ ಗೊತ್ತಿಲ್ಲ, ‘ನನ್ ಮಗನೂ ಒಬ್ಬ ಹುಡುಗನ ಜೊತೆ ಸಂಸಾರ ಮಾಡ್ತಿದ್ದಾನಮ್ಮ’ ಅಂದುಬಿಟ್ಟೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಆಕಾಶವೇನೂ ಕಳಚಿ ಬೀಳಲಿಲ್ಲ. ಅವಳು ಸ್ಟೂಲ್ ಎಳೆದುಕೊಂಡು ಕೂತಳು, ‘ಹಾಗಾದ್ರೆ ಬನ್ನಿ, ಡಾಕ್ಟರಮ್ಮನ ಹತ್ರ ಇಬ್ರೂ ಹೋಗೋಣ’ ಅಂದಳು.

ಮುಂದಿನ ಶಿಬಿರ ಟೈಲರಕ್ಕನ ಅಂಗಡಿಯ ಮೇಲಿನ ಕೋಣೆಯಲ್ಲಿ, ಕೆಲಸ ಬಿಟ್ಟವರು ಬರುವ ಹೊತ್ತಿಗೆ. ಬ್ಯಾನರ್ ಇಲ್ಲ, ಮೈಕ್ ಇಲ್ಲ, ಬಾಯಿಂದ ಬಾಯಿಗೆ ಸುದ್ದಿ. ಯಾರು ಬಂದರೂ ಸರಿ ಎಂದಿದ್ದರಿಂದ ಎದುರಿನ ಇಸ್ತ್ರಿಯವನೂ ಕಿರಾಣಿ ಅಂಗಡಿಯ ಅಜ್ಜಿಯೂ ಸಾಲಿನಲ್ಲಿದ್ದರು. ಯಾರು ಯಾತಕ್ಕೆ ಬಂದರು ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಗುರುತಿನ ಚೀಟಿಯಲ್ಲಿ ಏನೇ ಇರಲಿ, ಅವರು ಹೇಳಿದ ಹೆಸರಿನಿಂದಲೇ ಕರೆಯಬೇಕೆಂದು ಡಾಕ್ಟರಮ್ಮ ತಾಕೀತು ಮಾಡಿದ್ದರು. ಮೆಟ್ಟಿಲ ತುಂಬ ಜನ! ಸಿಸ್ಟರಿಗೆ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. ನನಗಂತೂ ಮದುವೆಮನೆಯ ಹಿರಿಯನ ಹಾಗೆ ಸಂಭ್ರಮ, ‘ಬನ್ನಿ, ಕೂತ್ಕೊಳ್ಳಿ, ನೀರು ಕುಡೀರಿ’ ಎಂದು ಓಡಾಡಿದ್ದೇ ಓಡಾಡಿದ್ದು.

ಅಲ್ಲಿಗೆ ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು, ಜೊತೆಗೆ ಅವರದೇ ವಯಸ್ಸಿನ ಇನ್ನೊಬ್ಬರು. ಇವರು ನಿಮಗೇನಾಗಬೇಕು ಎಂದು ಸಿಸ್ಟರ್ ಫಾರಂ ತುಂಬುತ್ತಾ ಕೇಳಿದರು. ಮೇಷ್ಟ್ರು ‘ನಮ್ಮವರು’ ಅಂದರು. ನಿನ್ನಮ್ಮ ನನ್ನ ಬಗ್ಗೆ ನೆರೆಯವರ ಹತ್ತಿರ ಹೇಳುವಾಗ ಅನ್ನುತ್ತಾಳಲ್ಲ, ಅದೇ ದನಿಯಲ್ಲಿ. ಸಿಸ್ಟರ್ ಬರೆದುಕೊಂಡರು. ಇಪ್ಪತ್ತೆಂಟು ವರ್ಷ ಒಟ್ಟಿಗಿದ್ದಾರಂತೆ. ನಾನು ಗಾಡಿಗೆ ಬಂದು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತೆ. ‘ಬರೋದಾದ್ರೆ ಒಬ್ನೇ ಬಾ’ ಎಂದು ನಾಲ್ಕು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ನಿನಗೆ ಹೇಳಿದೆನಲ್ಲ, ಆ ಮಾತು ತಪ್ಪು. ಮನ್ನಿಸು ಮಗನೇ. ಅಪ್ಪ ಮಗನ ಹತ್ತಿರ ಕೇಳಬಾರದು ಅನ್ನುತ್ತಾರೆ, ಅನ್ನುವವರು ಅನ್ನಲಿ.

ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆ ಕೆಡಿಸಿಕೊಳ್ಳಬೇಡ. ನಿಮ್ಮಿಬ್ಬರಿಗೂ ನನ್ನ ಆಶೀರ್ವಾದ, ಇಬ್ಬರೂ ನೂರು ಕಾಲ ಚೆನ್ನಾಗಿರಿ.

ಇಂತಿ, ನಿನ್ನ ಒರಟು
ಅಪ್ಪ

ತಾ.ಕ.: ಸಿಸ್ಟರ್ ಹಾರನ್ ಒತ್ತುತ್ತಿದ್ದಾರೆ, ಬೇಗ ಬರೆಯುತ್ತೇನೆ. ಭಾನುವಾರ ಸಂಜೆ ನಿಮ್ಮ ಊರಿನ ಮಾರುಕಟ್ಟೆ ಹಿಂದಿನ ಓದುವ ಕೋಣೆಯಲ್ಲಿ ಇಂಥದೇ ಶಿಬಿರವಿದೆ. ಡ್ರೈವರ್ ಬೇಕೆಂದರು, ನಾನೇ ಕೇಳಿ ಆ ಡ್ಯೂಟಿ ಹಾಕಿಸಿಕೊಂಡಿದ್ದೇನೆ. ಇಬ್ಬರೂ ಬನ್ನಿ. ನನ್ನನ್ನು ಮಾತಾಡಿಸದೆ ಹೋದರೂ ಸರಿ, ಲಸಿಕೆ ಮಾತ್ರ ಬಿಡಬೇಡಿ. ಬೆಳಿಗ್ಗೆ ನಿನ್ನಮ್ಮನಿಗೆ ಇದನ್ನು ಹೇಳಿದರೆ ಅವಳು, ‘ಅವ್ನಿಗೆ ಸೂಜಿ ಅಂದ್ರೆ ಜೀವ ಹೋಗತ್ತೆ, ನಿಧಾನಕ್ಕೆ ಚುಚ್ಚೋಕೆ ಹೇಳಿ’ ಅಂದಳು. ಅಂದದ್ದು ನಿನ್ನ ಬಗ್ಗೆಯಲ್ಲ, ನಿನ್ನ ಹುಡುಗನ ಬಗ್ಗೆ. ನನ್ನ ಬೆನ್ನ ಹಿಂದೆ ನಾಲ್ಕು ವರ್ಷದಿಂದ ಅವನ ಜೊತೆಯೂ ಫೋನಿನಲ್ಲಿ ಮಾತಾಡುತ್ತಿದ್ದಾಳೆ, ಕಳ್ಳಿ! ಅವನಿಗೆ ಹೆದರಬೇಡ ಎಂದು ಹೇಳು. ಅವನು ಒಪ್ಪಿದರೆ ಚುಚ್ಚುವಾಗ ಕೈ ನಾನು ಹಿಡಿದುಕೊಂಡಿರುತ್ತೇನೆ.